ಕಾಲಲ್ಲಿ ತುಳಿದದ್ದು, ಕೈಯಲ್ಲಿ ಮುಟ್ಟಬಾರದ್ದು

ಗೈಡ್ ಹುಡುಗಿ ಕೇಳಿದ್ದು ಸಣ್ಣ ಪ್ರಶ್ನೆ. ವ್ಯಾನಿನಲ್ಲಿ ಹನ್ನೊಂದು ಜನ ಇದ್ದೆವು. ಆಸ್ಟ್ರೇಲಿಯಾದ ಅಡಿಲೇಡ್ ದಾಟಿ ದಕ್ಷಿಣಕ್ಕೆ, ಮೆಕ್ಲಾರೆನ್ ವೇಲ್ ಅನ್ನೋ ವೈನ್ ಸೀಮೆ ಕಡೆ ಹೊರಟಿದ್ದೆವು. ಸುಮಾರು 40 ಕಿಲೋಮೀಟರ್ ದಾರಿ. ಗಾಡಿ ಓಡಿಸುತ್ತಿದ್ದವಳೂ ಅವಳೇ. ಒಬ್ಬೊಬ್ಬರನ್ನೇ ನೀವೆಲ್ಲಿಯವರು ಅಂತ ಕೇಳಿಕೊಂಡು ಬಂದಳು. ನಾನು ಸುಮ್ನೆ ಇಂಡಿಯಾ ಅಂದು ಮುಗಿಸಬಹುದಿತ್ತು. ಜಂಭ ಕೇಳಬೇಕಲ್ಲ. ಬೆಂಗಳೂರಿನ ಹತ್ತಿರ ಚಿಕ್ಕಬಳ್ಳಾಪುರ, ನಮ್ಮದೂ ದ್ರಾಕ್ಷಿ ಸೀಮೆ, ನಮ್ಮಪ್ಪ ಮೂವತ್ತು ವರ್ಷದಿಂದ ದ್ರಾಕ್ಷಿ ಬೆಳೆಯುತ್ತಾರೆ ಅಂದೆ. ಅವಳಿಗೆ ಖುಷಿಯೋ ಖುಷಿ. 'ಹಾಗಾದ್ರೆ ನಿಮ್ಮೂರಿನ ವೈನ್ ಹೇಗಿರುತ್ತೆ?'

ಕುಡಿದಿದ್ದರೆ ತಾನೇ ಹೇಳೋಕೆ.

ದ್ರಾಕ್ಷಿ ಚಪ್ಪರದ ಕೆಳಗೆ ಬೆಳೆದವನು ನಾನು. ಚಪ್ಪರದ ಕಂಬಕ್ಕೆ ಸೀರೆ ಕಟ್ಟಿ ಅಮ್ಮ ನನ್ನನ್ನು ತೂಗಿದ್ದಾಳೆ. ಬೆಂಗಳೂರು ನೀಲಿ ಅನ್ನೋ ನಮ್ಮ ಹುಳಿಸಿಹಿ ದ್ರಾಕ್ಷಿಗೆ ಜಿಐ ಟ್ಯಾಗ್, ಅಂದರೆ ಈ ಸೀಮೆಯದೇ ಬೆಳೆ ಅನ್ನೋ ಗುರುತು, ಬಂದಾಗ ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಆದರೆ ಅದರ ರಸ ಹುದುಗಿ ಏನಾಗುತ್ತೆ ಅಂತ ಒಂದು ದಿನವೂ ಮೂಸಿದವನಲ್ಲ. ನಮ್ಮೂರಲ್ಲಿ 'ವೈನ್ಸ್' ಅಂತ ಬೋರ್ಡ್ ಹಾಕಿರೋ ಅಂಗಡಿಯಲ್ಲಿ ವೈನ್ ಒಂದು ಬಿಟ್ಟು ಬೇರೆಲ್ಲ ಸಿಗುತ್ತೆ, ಅಲ್ವಾ? 'ಸಿಹಿಯಾಗಿರುತ್ತೆ' ಅಂತ ಒಂದು ಸುಳ್ಳು ಬಿಟ್ಟೆ. ಅವಳು ನಂಬಿದಳು. ಅದು ಇನ್ನೂ ಕುಟುಕಿತು.

ಹೋಗಿದ್ದು ಡಾರೆನ್‌ಬರ್ಗ್ ಅನ್ನೋ ವೈನರಿಯ ಕ್ಯೂಬ್‌ಗೆ. ದ್ರಾಕ್ಷಿ ತೋಟದ ನಡುವೆ ಯಾರೋ ಬಿಡಿಸಲಾಗದೆ ಎಸೆದು ಹೋದ ರೂಬಿಕ್ಸ್ ಕ್ಯೂಬ್ ಥರದ ಐದು ಅಂತಸ್ತಿನ ಕಟ್ಟಡ ಅದು. 2017ರ ಡಿಸೆಂಬರ್‌ನಲ್ಲಿ ಬಾಗಿಲು ತೆರೆದದ್ದು. ಕಟ್ಟಿಸಿದವರು ಚೆಸ್ಟರ್ ಆಸ್ಬರ್ನ್, ಆ ಮನೆತನದ ನಾಲ್ಕನೇ ತಲೆ. 1912ರಲ್ಲಿ ಮುತ್ತಾತ ಜೋಸೆಫ್ ಆಸ್ಬರ್ನ್ ಕೊಂಡ ತೋಟ ಇದು. ಹೆಸರಿನ ಕಥೆ ನನಗೆ ಜಾಸ್ತಿ ಹಿಡಿಸಿತು. ಚೆಸ್ಟರ್ ಅವರ ತಂದೆಯನ್ನು ಹೆತ್ತ ಕೆಲವೇ ದಿನಕ್ಕೆ ತಾಯಿ ತೀರಿಕೊಂಡರಂತೆ. ಮಗ ದೊಡ್ಡವನಾಗಿ ಸ್ವಂತ ವೈನ್ ಮಾರಲು ನಿಂತಾಗ ಬಾಟಲಿಗೆ ಇಟ್ಟ ಹೆಸರು ಆ ತಾಯಿಯ ತವರಿನದು. ಡಾರೆನ್‌ಬರ್ಗ್ ಅಂದರೆ ಅದು.

ಒಳಗೆ ಹೋದ ಮೇಲೆ ಗೈಡ್ ಹೇಳಿದ ಮೊದಲ ಮಾತು: ಎಲ್ಲಾನೂ ಮುಟ್ಟಿ.

ಒಂದು ಕೋಣೆಯಲ್ಲಿ ಸಾಲಾಗಿ ಗಾಜಿನ ಜಾಡಿಗಳಿವೆ. ಒಂದೊಂದು ಜಾಡಿಗೂ ಒಂದೊಂದು ಹಾರ್ನ್, ಹಳೇ ಸೈಕಲ್‌ಗೆ ಇರುತ್ತಿತ್ತಲ್ಲ, ರಬ್ಬರ್ ಬುರುಡೆಯದು, ಅಂಥದ್ದು. ಮೂಗು ಹತ್ತಿರ ಇಟ್ಟು ಬುರುಡೆ ಅಮುಕಿದರೆ ಒಳಗಿನ ವಾಸನೆ ಮುಖಕ್ಕೆ ಹೊಡೆಯುತ್ತೆ. ಒಂದರಲ್ಲಿ ಹಣ್ಣು, ಇನ್ನೊಂದರಲ್ಲಿ ಹೂವು, ಮತ್ತೊಂದರಲ್ಲಿ ಮಸಾಲೆ. ವೈನ್ ರುಚಿ ನೋಡೋ ಮುಂಚೆ ಮೂಗಿಗೆ ಪಾಠ. ನನ್ನ ಪಕ್ಕದಲ್ಲಿ ಎಪ್ಪತ್ತು ದಾಟಿದ ಅಜ್ಜ ಒಬ್ಬರು ಇದ್ದರು. ಅವರು ಅಮುಕುತ್ತಾ, ಮೂಸುತ್ತಾ, ಐಸ್ ಕ್ಯಾಂಡಿ ಗಾಡಿ ಸಿಕ್ಕ ಮಗುವಿನ ಹಾಗೆ ಆಗಿಬಿಟ್ಟಿದ್ದರು. ಯಾರೂ ಸೀಟಿ ಊದಲಿಲ್ಲ. ಯಾರೂ 'ಏನ್ರೀ ಅದು' ಅನ್ನಲಿಲ್ಲ.

ಆಮೇಲೆ ಮೇಜಿನ ಮುಂದೆ ಕೂರಿಸಿದರು. ಮೂರು ಬೇರೆ ಬೇರೆ ತೋಟದ, ಶಿರಾಜ್ ಅನ್ನೋ ಕೆಂಪು ವೈನಿನ ದ್ರಾಕ್ಷಿಯ ವೈನ್, ಒಂದು ಅಳತೆ ಗ್ಲಾಸು. ಇದಿಷ್ಟು ಅದಿಷ್ಟು ಬೆರೆಸಿ ನಿಮ್ಮದೇ ಒಂದು ವೈನ್ ಮಾಡಿಕೊಳ್ಳಿ ಅಂದರು. ಪಿಯುಸಿ ಕೆಮಿಸ್ಟ್ರಿ ಲ್ಯಾಬಲ್ಲಿ ಪಿಪೆಟ್ ಒಡೆದು ದಂಡ ಕಟ್ಟಿದವನು ನಾನು, ಕೈ ನಡುಗಿತು. ಕೊನೆಗೂ ಒಂದು ಬಾಟಲು ತುಂಬಿತು. ಲೇಬಲ್ ಮೇಲೆ ನನ್ನ ಹೆಸರು, ಅದರ ಕೆಳಗೆ ಚಿಕ್ಕದಾಗಿ ಅಪ್ಪನ ಹೆಸರು. ಅಪ್ಪನ ಹೆಸರು ಅಲ್ಲಿಯ ತನಕ ಪಹಣಿ ಬಿಟ್ಟರೆ ಎಲ್ಲೂ ಅಚ್ಚಾಗಿರಲಿಲ್ಲ.

ಒಂದೇ ಒಂದು ವಿಷಯ ಗಂಟಲಲ್ಲಿ ಇಳಿಯಲಿಲ್ಲ. ರುಚಿ ನೋಡಿ ಉಗಿಯಲು ಮೇಜಿನ ಮಧ್ಯೆ ಒಂದು ಬಕೆಟ್ ಇಟ್ಟಿದ್ದರು. ಹನ್ನೊಂದು ಜನರಿಗೂ ಅದೊಂದೇ. ಆ ಅಜ್ಜ ನಾಜೂಕಾಗಿ ಉಗಿದು, ಬಕೆಟ್ಟನ್ನು ನನ್ನ ಕಡೆ ಸರಿಸಿದರು, ಉಪ್ಪಿನಕಾಯಿ ಭರಣಿ ಸರಿಸುವ ಹಾಗೆ. ನಾನು ಕಣ್ಣು ಮುಚ್ಚಿ ನುಂಗಿಬಿಟ್ಟೆ. ಅದಕ್ಕೇ ವಾಪಸ್ ಬರುವಾಗ ವ್ಯಾನಿನಲ್ಲಿ ಜಾಸ್ತಿ ಮಾತಾಡಿದೆ ಅಂತ ಕಾಣುತ್ತೆ.

ರಾತ್ರಿ ವಿಡಿಯೋ ಕಾಲ್ ಮಾಡಿದಾಗ ಇನ್ನೊಂದು ಸಂಗತಿ ಬಾಯಿ ಬಿಟ್ಟೆ. ಅಲ್ಲಿ ಇವತ್ತಿಗೂ ಕೆಂಪು ವೈನಿನ ದ್ರಾಕ್ಷಿಯನ್ನು ತೊಟ್ಟಿಯೊಳಗೆ ಇಳಿದು ಕಾಲಲ್ಲೇ ತುಳಿಯುತ್ತಾರೆ, ಸೊಂಟದ ತನಕ ರಬ್ಬರ್ ಉಡುಪು ಹಾಕಿಕೊಂಡು. ಯಂತ್ರದ ಹಾಗೆ ಬೀಜ ಜಜ್ಜಿ ಹೋಗಲ್ಲ, ಕಹಿ ಇಳಿಯಲ್ಲ ಅನ್ನೋದು ಲೆಕ್ಕ. ಅಮ್ಮ ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ, 'ಕಾಲಲ್ಲಿ ತುಳಿದಿದ್ದನ್ನ ಕುಡಿದ್ಯೇನೋ?' ಕುಡಿದಿದ್ದಕ್ಕೆ ಬೈಗುಳ ಬೀಳುತ್ತೆ ಅಂದುಕೊಂಡಿದ್ದೆ, ಬಿದ್ದದ್ದು ಕಾಲಿಗೆ.

ಅಪ್ಪ ಕೇಳಿದ್ದು ಒಂದೇ: 'ಅಲ್ಲಿ ಕೆ.ಜಿ. ಎಷ್ಟಕ್ಕೆ ಹೋಗುತ್ತೆ?'

ಆ ಗುಂಗಲ್ಲೇ ಫೆಬ್ರವರಿಯಲ್ಲಿ ರಜೆಗೆ ಊರಿಗೆ ಬಂದೆ. ಬೆಂಗಳೂರಿನ ಮೂರು ಜನ ಗೆಳೆಯರಿಗೆ ಫೋನ್ ಮಾಡಿ, ಬನ್ರೋ, ನಮ್ಮ ಕಡೇನೂ ಒಂದು ಟೂರ್ ಮಾಡೋಣ, ಗೈಡ್ ನಾನೇ ಅಂದೆ. ಬೆಳಗಿನ ಜಾವ ನಂದಿ ಬೆಟ್ಟ, ಆಮೇಲೆ ಭೋಗನಂದೀಶ್ವರ, ಅಲ್ಲಿಂದ ನಮ್ಮ ತೋಟ, ಮುದ್ದೆ ಊಟ, ಸಂಜೆಗೆ ವೈನ್. ಕಾಗದದ ಮೇಲೆ ಎಷ್ಟು ಚೆನ್ನಾಗಿತ್ತು! ಬೆಟ್ಟದ ದಾರಿಯ ಕಾರುಗಳ ಸಾಲಲ್ಲಿ ಒಂದೂವರೆ ಗಂಟೆ ನಿಂತೆವು. ಸೂರ್ಯ ಹುಟ್ಟಿದ್ದನ್ನು ಮುಂದಿನ ಟೆಂಪೋ ಟ್ರಾವೆಲರ್‌ನ ಹಿಂದಿನ ಗಾಜಿನಲ್ಲಿ ನೋಡಿದೆವು.

ತೋಟಕ್ಕೆ ಬಂದೆವು. ಗೆಳೆಯನ ಮಗಳು, ಆರು ವರ್ಷದವಳು, ಚಪ್ಪರದ ಕೆಳಗೆ ಓಡಿದಳು. ಅಡಿಲೇಡ್ ಗೈಡಿನ ಗತ್ತಿನಲ್ಲಿ ನಾನು, 'ಮುಟ್ಟು ಪುಟ್ಟಿ, ಎಲ್ಲಾನೂ ಮುಟ್ಟಿ ನೋಡು' ಅಂದೆ. ಅವಳು ಎರಡೂ ಕೈಯಲ್ಲಿ ಗೊಂಚಲು ಹಿಡಿದಳು. ಪಂಪ್ ಮನೆ ಕಡೆಯಿಂದ ಅಪ್ಪನ ಕೂಗು ಬಂತು.

'ಏಯ್, ಮುಟ್ಬೇಡಿ!'

ಮೈಯೆಲ್ಲ ಉರಿಯಿತು. ಎಲ್ಲಿಗೆ ಹೋದರೂ ಇದೇ ಮಾತಲ್ಲವಾ ನಮ್ಮದು? ಗುಡಿಯಲ್ಲಿ ಮುಟ್ಟಬೇಡಿ, ಶಾಲೆಯ ಲ್ಯಾಬಲ್ಲಿ ಮುಟ್ಟಬೇಡಿ, ಮನೆಯ ಶೋಕೇಸ್ ಗೊಂಬೆ ಮುಟ್ಟಬೇಡಿ, ಹೊಸ ಫ್ರಿಜ್ಜಿನ ಪ್ಲಾಸ್ಟಿಕ್ ಕವರ್ ಕೂಡ ತೆಗೆಯಬೇಡಿ. ಈ ಮಾತು ಬರೀ ಗೋಡೆಯ ಮೇಲೆ ಇದ್ದರೆ ನಗಬಹುದಿತ್ತು. ನಮ್ಮೂರ ಜಾತ್ರೆಯಲ್ಲಿ ತಮಟೆಯವರು ಹುಲ್ಲಿನ ಬೆಂಕಿಗೆ ತಮಟೆ ಹಿಡಿದು ಚರ್ಮ ಬಿಗಿ ಮಾಡಿಕೊಳ್ಳುತ್ತಿದ್ದರು. ಬಿಸಿ ಏರಿದ ಹಾಗೆ ಸದ್ದು ಬದಲಾಗುತ್ತೆ, ಮಂಕಾಗಿದ್ದದ್ದು ಟಣ್ ಅನ್ನುತ್ತೆ. ಒಂದು ಸಲ ಬೆರಳು ತಾಗಿಸಿ ನೋಡಬೇಕು ಅಂತ ಹೋದೆ. ಅಜ್ಜಿ ರೆಟ್ಟೆ ಹಿಡಿದು ಎಳೆದುಕೊಂಡು ಬಂದು ತಲೆ ಮೇಲೆ ಒಂದು ಚೊಂಬು ನೀರು ಸುರಿದಳು. ಆ ತಮಟೆಗೆ ಊರೆಲ್ಲ ಕುಣಿಯಬಹುದು, ಮುಟ್ಟುವ ಹಾಗಿರಲಿಲ್ಲ. ನಮ್ಮ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಅಡಿಲೇಡಿನ ಅಡುಗೆಮನೆಯಲ್ಲಿ ಕೂತು ಸುದ್ದಿ ನೋಡಿದೆ. ಖುಷಿಯಾಯಿತು. ಆ ಚೊಂಬೂ ನೆನಪಾಯಿತು.

ಜನ ಸೇರಿ ಆಡುವ ಕಲೆಗೆ ಆ ಕ್ಯೂಬ್‌ನವರು ಟಿಕೆಟ್ ಇಟ್ಟು ಐದು ಅಂತಸ್ತು ಕಟ್ಟುತ್ತಾರೆ. ನಮ್ಮಲ್ಲಿ ರಸ್ತೆಯಲ್ಲೇ ಬಿದ್ದಿತ್ತು, ಯಾರು ಮುಟ್ಟಬಹುದು ಯಾರು ಮುಟ್ಟಬಾರದು ಅನ್ನೋದರಲ್ಲೇ ಅರ್ಧ ಕಳೆದೆವು. ಇಷ್ಟನ್ನೂ ಅಪ್ಪನಿಗೆ ಹೇಳಬೇಕು ಅಂತ ಬಾಯಿ ತೆರೆದೆ.

ಅಷ್ಟರಲ್ಲಿ ಅಪ್ಪ ಬಂದು ಆ ಮಗುವಿನ ಮುಂದೆ ಕುಕ್ಕರಗಾಲಲ್ಲಿ ಕೂತರು. 'ಹಂಗಲ್ಲ ಕಣವ್ವ, ತೊಟ್ಟು ಹಿಡ್ಕೋಬೇಕು, ಹಣ್ಣು ಹಿಡೀಬಾರ್ದು.' ಒಂದು ಗೊಂಚಲನ್ನು ತೊಟ್ಟಲ್ಲಿ ಹಿಡಿದು ಬೆಳಕಿಗೆ ತೋರಿಸಿದರು. ನೀಲಿ ಹಣ್ಣಿನ ಮೇಲೆ ವಿಭೂತಿ ಹಚ್ಚಿದ ಹಾಗೆ ತೆಳ್ಳಗೆ ಬಿಳಿ ಪುಡಿ. ಮಗುವಿನ ಬೆರಳು ಬಿದ್ದ ಕಡೆ ಅದು ಅಳಿಸಿ, ಹಣ್ಣು ಕಪ್ಪಗೆ ಮಿರಮಿರ ಅನ್ನುತ್ತಿತ್ತು. ಅದು ಹಣ್ಣು ತಾನೇ ಹೊದ್ದುಕೊಂಡ ಮೇಣ, ಒಳಗಿನ ನೀರು ಆರದ ಹಾಗೆ ಕಾಯುತ್ತೆ. ಅಳಿಸಿದರೆ ವ್ಯಾಪಾರಸ್ಥ ಹಳೇ ಮಾಲು ಅಂತಾನೆ, ರೇಟು ಇಳಿಸುತ್ತಾನೆ. ಆ ವಾರವೇ ಅವನು ತೋಟ ನೋಡೋಕೆ ಬರುವವನಿದ್ದ. ನಾನು ಆ ತೋಟದಲ್ಲೇ ಹುಟ್ಟಿ ಬೆಳೆದವನು, ಇದು ಗೊತ್ತಿರಲಿಲ್ಲ. ಗೊತ್ತಿತ್ತೇನೋ, ಮರೆತಿದ್ದೆ.

ಆಮೇಲೆ ಅಪ್ಪ ಹಣ್ಣು ತಿನ್ನೋದು ಹೇಳಿಕೊಟ್ಟರು. ತುಟಿಗೆ ಇಟ್ಟು ಹಿಚುಕಿದರೆ ತಿರುಳು ಚಕ್ ಅಂತ ಬಾಯಿಗೆ ಹಾರುತ್ತೆ, ಸಿಪ್ಪೆ ಕೈಯಲ್ಲಿ ಉಳಿಯುತ್ತೆ. ಬೀಜ ಉಗಿಯಬೇಕು, ಎಷ್ಟು ದೂರ ಉಗಿದರೆ ಅಷ್ಟು ಸರಿ. ಬಕೆಟ್ ಇರಲಿಲ್ಲ. ಮೂರು ಜನ ಸಾಫ್ಟ್‌ವೇರ್ ಇಂಜಿನಿಯರುಗಳು ಆ ಮಗುವಿನ ಜೊತೆ ಪಂದ್ಯಕ್ಕೆ ನಿಂತರು.

ಸಂಜೆ ವೈನ್ ಮಾತು ಎತ್ತಿದೆ. ನಂದಿ ಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರದ ಕಡೆ, ಗ್ರೋವರ್ ಅವರ ವೈನರಿ ಇದೆ. 1988ರಲ್ಲೇ ಶುರುವಾದದ್ದು. ತೋಟ ತೋರಿಸುತ್ತಾರೆ, ರುಚಿ ನೋಡಿಸುತ್ತಾರೆ, ಎಲ್ಲ ಇದೆ. ಅಂದರೆ ಅಡಿಲೇಡ್ ವ್ಯಾನಿನಲ್ಲಿ ನಾನು ಪಟ್ಟ ನಾಚಿಕೆಯಲ್ಲಿ ಅರ್ಧ ನನ್ನ ಸೋಮಾರಿತನದ್ದು. ಊರಿನದಲ್ಲ. ಆದರೂ ಅಪ್ಪನನ್ನು ಕರೆದೆ, ಬರಲಿಲ್ಲ. ಅಲ್ಲಿರೋದು ಫ್ರಾನ್ಸ್ ಕಡೆಯ ತಳಿಗಳು. ನಮ್ಮ ನೀಲಿ ಹೆಚ್ಚಾಗಿ ತಿನ್ನೋಕೆ, ಜ್ಯೂಸ್‌ಗೆ, ಅಗ್ಗದ ಸಿಹಿ ವೈನಿಗೆ ಹೋಗುತ್ತೆ. 'ನಮ್ಮ ಹಣ್ಣು ಅಲ್ಲಿಲ್ಲ, ನಾನ್ಯಾಕೆ ಬರಲಿ' ಅಂದರು. ಎರಡು ಎಕರೆ ಇಟ್ಟುಕೊಂಡು, ಸಾವಿರದ ಐನೂರು ಅಡಿ ಬೋರ್ ಕೊರೆಸಿದ ಸಾಲ ತಲೆ ಮೇಲಿರುವಾಗ, ರಸವನ್ನು ಪೀಪಾಯಿಯಲ್ಲಿ ಹಾಕಿ ವರ್ಷಗಟ್ಟಲೆ ಕಾಯಲು ಯಾರಿಗೆ ಆಗುತ್ತೆ? ಆಸ್ಬರ್ನ್ ಮನೆಯವರಿಗೆ ನಾಲ್ಕು ತಲೆಮಾರು ಸಿಕ್ಕಿತು. ಅಪ್ಪನಿಗೆ ಸಿಗೋದು ಎರಡು ಕಟಿಂಗ್ ನಡುವಿನ ಆರು ತಿಂಗಳು.

ಅಮ್ಮನ ಕಾರಣ ಬೇರೆ. ಅಡಿಲೇಡಿನಿಂದ ನಾನು ತಂದಿದ್ದ, ಅಪ್ಪನ ಹೆಸರಿನ ಆ ಬಾಟಲನ್ನು ಅವಳು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ನಾನು ಸಂಸ್ಕೃತಿ, ಕಲೆ, ಮೂಗಿನ ಪಾಠ ಅಂತ ಏನೇನೋ ಹೇಳಿದೆ. ಅವಳು ರಾಗಿ ಕೇರುತ್ತಾ ಕೇಳಿಸಿಕೊಂಡಳು. 'ನಿಮ್ಮ ಸೋದರಮಾವನೂ ಮೊದಲು ರುಚಿ ನೋಡೋಕೇ ಹೋಗಿದ್ದು' ಅಂದಳು. ನಮ್ಮ ಮಾವ ಸಾರಾಯಿ ಪಾಕೀಟಿನಲ್ಲೇ ಹೋದದ್ದು. 2007ರ ಜುಲೈಯಲ್ಲಿ ಸಾರಾಯಿ ನಿಂತಿತು. ಅದೇ ವರ್ಷ ಸರ್ಕಾರದ ವೈನ್ ನೀತಿ ಬಂತು, ಅದೇ ವರ್ಷ ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. ಊರಿಗೆ ಮೂರೂ ಒಳ್ಳೆಯ ಸುದ್ದಿಯೇ. ಮಾವ ಅಷ್ಟರೊಳಗೆ ಇರಲಿಲ್ಲ. ಅಮ್ಮನ ಮುಂದೆ ಜಾಸ್ತಿ ಮಾತಾಡಲಿಲ್ಲ.

ಇಷ್ಟು ಬರೆದ ಮೇಲೆ ಇನ್ನೊಂದನ್ನೂ ಒಪ್ಪಿಕೊಂಡುಬಿಡುತ್ತೇನೆ. ಎಲ್ಲಾನೂ ಮುಟ್ಟಿ ಅಂದ ಅದೇ ಗೈಡ್, ಕ್ಯೂಬ್‌ನಿಂದ ಹೊರಗೆ ಬಂದು ನಾನು ಫೋಟೋಗೆ ಅಂತ ದ್ರಾಕ್ಷಿ ಸಾಲಿನೊಳಗೆ ಕಾಲಿಡಲು ಹೋದಾಗ ಓಡಿ ಬಂದು ತಡೆದಿದ್ದಳು. ಬಳ್ಳಿಯ ಬೇರು ತಿನ್ನುವ ಫಿಲಾಕ್ಸೆರಾ ಅನ್ನೋ ಕೀಟ ಇದೆ, ಹೇನಿನಷ್ಟು ಚಿಕ್ಕದು. ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿನ ತೋಟಗಳನ್ನು ಹಾಳು ಮಾಡಿತು, ಪಕ್ಕದ ವಿಕ್ಟೋರಿಯಾ ರಾಜ್ಯಕ್ಕೂ ಬಂತು. ಅಡಿಲೇಡ್ ಇರುವ ದಕ್ಷಿಣ ಆಸ್ಟ್ರೇಲಿಯಾ ರಾಜ್ಯಕ್ಕೆ ಮಾತ್ರ ಇವತ್ತಿನ ತನಕ ಕಾಲಿಟ್ಟಿಲ್ಲ. ಬಂದರೆ ಬರೋದು ನಮ್ಮಂಥವರ ಚಪ್ಪಲಿಯ ಮಣ್ಣಿನಲ್ಲಿ. ಅಲ್ಲೂ ಬೋರ್ಡ್ ಇತ್ತು, ಬಳ್ಳಿಗಳ ಹತ್ತಿರ ಹೋಗಬೇಡಿ ಅಂತ. ಆ ಫೋಟೋ ಕಥೆಯನ್ನು ಊರಲ್ಲಿ ಯಾರಿಗೂ ಹೇಳಿರಲಿಲ್ಲ. ಹಾಗೆ ನೋಡಿದರೆ, ನಮ್ಮ ತಾಲ್ಲೂಕಿನ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಹೆಸರಿನ ಬೆಂಗಳೂರು ಮ್ಯೂಸಿಯಂನಲ್ಲಿ ಗುಂಡಿ ಒತ್ತಿ ಚಕ್ರ ತಿರುಗಿಸಿದ್ದೂ ನಾನೇ, ಆರನೇ ಕ್ಲಾಸಿನಲ್ಲಿ. ಅದೂ ಸಮಯಕ್ಕೆ ನೆನಪಾಗಲಿಲ್ಲ.

ಆದರೂ ಆ ಸೈಕಲ್ ಹಾರ್ನ್ ಒಂದು ನಮ್ಮ ತೋಟದಲ್ಲಿ ಇದ್ದಿದ್ದರೆ ಅಂತ ಅನಿಸುತ್ತೆ. ಫೆಬ್ರವರಿಯ ಬೆಳಿಗ್ಗೆ ಚಪ್ಪರದ ಕೆಳಗೆ ಬರುವ ಆ ವಾಸನೆಯನ್ನು ಒಂದು ಜಾಡಿಯಲ್ಲಿ ತುಂಬಿಸಿಕೊಂಡು ಬರುತ್ತಿದ್ದೆ.

ಬಾಟಲು ಪಂಪ್ ಮನೆಯಲ್ಲೇ ಇದೆ, ಸ್ಟಾರ್ಟರ್ ಪೆಟ್ಟಿಗೆಯ ಮೇಲೆ, ಔಷಧಿ ಡಬ್ಬಗಳ ಪಕ್ಕ. ಯಾರೂ ತೆರೆದಿಲ್ಲ. ಹೋದ ವಾರ ಅಪ್ಪ ಫೋನ್ ಮಾಡಿದ್ದರು. ವ್ಯಾಪಾರಸ್ಥ ಬಂದವನು ಬಾಟಲು ನೋಡಿದನಂತೆ, ಲೇಬಲ್ ಮೇಲಿನ ಹೆಸರು ಎರಡೆರಡು ಸಲ ಓದಿದನಂತೆ.

'ಏನ್ ಗೌಡ್ರೇ, ಮಗ ಫಾರಿನ್ನಲ್ಲಿ ವೈನ್ ಫ್ಯಾಕ್ಟ್ರಿ ಹಾಕಿದ್ದಾನಾ ಅಂದ. ನಾನೂ ಹೂಂ ಅಂದೆ. ಕೆ.ಜಿ.ಗೆ ಎರಡು ರೂಪಾಯಿ ಜಾಸ್ತಿ ಕೊಟ್ಟ ಕಣೋ.'