ಹಸುವಿಗೆ ಸೀಸನ್ ಇಲ್ಲ, ಹಾಗಾಗಿ ವೀಸಾ ಇಲ್ಲ

ಒಂದು ಲಕ್ಷ ಡಾಲರ್. ಹೊರದೇಶದ ಪರಿಣತರನ್ನು ಕೆಲಸಕ್ಕೆ ಕರೆಸುವ ಎಚ್-1ಬಿ ವೀಸಾದ ಹೊಸ ಅರ್ಜಿಗೆ ಅಮೆರಿಕ ಇಟ್ಟ ರೇಟು ನಿಮಗೆಲ್ಲ ಗೊತ್ತೇ ಇದೆ. 2025ರ ಸೆಪ್ಟೆಂಬರ್ 19, ಶುಕ್ರವಾರ ಅಧ್ಯಕ್ಷ ಟ್ರಂಪ್ ಸಹಿ ಬಿತ್ತು. ಭಾನುವಾರದಿಂದಲೇ ಜಾರಿ ಅಂದರು. ಇದನ್ನು ವರ್ಷ ವರ್ಷವೂ ಕಟ್ಟಬೇಕು ಅಂದರು ವಾಣಿಜ್ಯ ಸಚಿವರು. ಮರುದಿನ ಶ್ವೇತಭವನ, ಇಲ್ಲ ಇಲ್ಲ, ಒಂದೇ ಸಲ, ಅದೂ ಹೊಸ ಅರ್ಜಿಗೆ ಮಾತ್ರ ಅಂತು. ಅಷ್ಟರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೊರಡಲು ಸಿದ್ಧವಾಗಿದ್ದ ವಿಮಾನದಿಂದ ಕೆಲವರು ಹೆದರಿ ಇಳಿದೇ ಬಿಟ್ಟಿದ್ದರು. ದೇಶ ಬಿಟ್ಟು ಹೊರಗೆ ಹೋದರೆ ವಾಪಸ್ ಬರುವಾಗ ಬಾಗಿಲಲ್ಲಿ ಬಿಲ್ ಹಿಡಿದು ನಿಂತಿರುತ್ತಾರೋ ಏನೋ ಎಂಬ ಭಯ.

ನನಗಂತೂ ಈ ರೇಟಿನ ಮೇಲೆ ಯಾವ ದೂರೂ ಇಲ್ಲ. ಬೆಲೆ ಇಷ್ಟು ಅಂತ ಬೋರ್ಡು ಹಾಕಿದರಲ್ಲ, ಅದೇ ದೊಡ್ಡದು. ಇಷ್ಟು ವರ್ಷ ಏನಿತ್ತು? ಲಾಟರಿ. ವರ್ಷಕ್ಕೆ 65,000 ವೀಸಾ, ಅಲ್ಲೇ ಮಾಸ್ಟರ್ಸ್ ಓದಿದವರಿಗೆ ಇನ್ನೊಂದು 20,000. ಪ್ರಪಂಚದ ಬುದ್ಧಿವಂತರೆಲ್ಲ ಬನ್ನಿ ಅಂತ ಕೂಗಿ ಕರೆಯುವುದು, ಬಂದವರ ಹೆಸರನ್ನೆಲ್ಲ ಕಂಪ್ಯೂಟರಿಗೆ ಸುರಿದು ಚೀಟಿ ಎತ್ತುವುದು. ಹೆಸರು ಬರೆಸಲು 10 ಡಾಲರ್ ಇದ್ದದ್ದು 2025ರಲ್ಲಿ 215 ಆಯಿತು. ಆಪರೇಷನ್ ಮಾಡುವ ಡಾಕ್ಟರನ್ನು ಹೀಗೆ ಚೀಟಿ ಎತ್ತಿ ಆರಿಸಿದ್ದೇವೆ ಅಂದರೆ ನೀವು ಮಂಚದಿಂದ ಜಿಗಿದು ಓಡುತ್ತೀರಿ, ಅಲ್ವಾ?

ಇರಲಿ. ಸಾಫ್ಟ್‌ವೇರಿನವರ ಗೋಳು ಬರೆಯಲು ಬೇಕಾದಷ್ಟು ಜನ ಇದ್ದಾರೆ. ನನ್ನ ತಲೆಯಲ್ಲಿ ಕೂತಿರುವುದು ಹಸು.

ಅಮೆರಿಕದಲ್ಲಿ ಬೇಸಾಯದ ಕೆಲಸಕ್ಕೆ ಹೊರಗಿನವರನ್ನು ಕರೆಸಲು ಎಚ್-2ಎ ಅಂತ ಒಂದು ವೀಸಾ ಇದೆ. ಇಷ್ಟೇ ಜನ ಎಂಬ ಮಿತಿಯೂ ಅದಕ್ಕಿಲ್ಲ. ಮುಖ್ಯ ಷರತ್ತು ಒಂದೇ, ಕೆಲಸ ತಾತ್ಕಾಲಿಕವಾಗಿರಬೇಕು, ಇಲ್ಲಾ ಸೀಸನ್ನಿನದ್ದಾಗಿರಬೇಕು. ಸೇಬು ಕೀಳಬಹುದು. ಸ್ಟ್ರಾಬೆರಿ ಬಿಡಿಸಬಹುದು. ಹಾಲು ಮಾತ್ರ ಕರೆಯುವ ಹಾಗಿಲ್ಲ. ಯಾಕೆಂದರೆ ಡೈರಿಯಲ್ಲಿ ವರ್ಷಪೂರ್ತಿ ಕೆಲಸ, ಕಾನೂನಿನ ಕಣ್ಣಿಗೆ ಅದು ಸೀಸನ್ ಅಲ್ಲ. ಹಾಲು ಕರೆಯಲು ಜನ ಬೇಕು, ಜನರನ್ನು ಕರೆಯುವ ಹಾಗಿಲ್ಲ. ಈ ತಮಾಷೆ ಕನ್ನಡದಲ್ಲಿ ಮಾತ್ರ ಸಿಗುತ್ತದೆ, ಪಾಪ, ಅವರಿಗೆ ಆ ಸುಖವೂ ಇಲ್ಲ.

ದೊಡ್ಡ ಡೈರಿಗಳಲ್ಲಿ ಇನ್ನೂ ಕತ್ತಲಿರುವಾಗಲೇ ಕೆಲಸ ಶುರು. ಹಸುಗಳು ಸಾಲಾಗಿ ಬಂದು ಕಟ್ಟೆಯ ಮೇಲೆ ನಿಲ್ಲುತ್ತವೆ. ಕೆಳಗೆ ತಗ್ಗಿನಲ್ಲಿ ನಿಂತವನ ಮುಖದ ಎತ್ತರಕ್ಕೇ ಅವುಗಳ ಕೆಚ್ಚಲು. ಅವನು ಕೆಚ್ಚಲು ಒರೆಸುತ್ತಾನೆ, ಮೊದಲ ಹಾಲನ್ನು ಕೈಯಲ್ಲೇ ಹಿಂಡಿ ಗಂಟು ಗಿಂಟು ಇದೆಯಾ ನೋಡುತ್ತಾನೆ, ನಾಲ್ಕು ತೊಟ್ಟಿಗೂ ಮೆಷಿನ್ ಸಿಕ್ಕಿಸಿ ಮುಂದಿನ ಹಸುವಿಗೆ ಹೋಗುತ್ತಾನೆ. ಮೇಲಿಂದ ಸೆಗಣಿ ಬಿದ್ದರೆ ಒರೆಸಿಕೊಳ್ಳಲು ಟೈಮಿಲ್ಲ. ಸಂಜೆ ಮತ್ತೆ ಅದೇ ಸಾಲು. ಭಾನುವಾರವೂ ಅದೇ, ಹಬ್ಬದ ದಿನವೂ ಅದೇ. ಕರೆಯದೆ ಬಿಟ್ಟರೆ ಕೆಚ್ಚಲು ಬಾವು. ಎಂಟು ತಿಂಗಳಾಯ್ತು ತಾಯಿ, ಇವನ ವೀಸಾ ಮುಗೀತು, ಮುಂದಿನ ವಸಂತದವರೆಗೆ ಸ್ವಲ್ಪ ತಡ್ಕೋ ಅಂತ ಹಸುವಿಗೆ ಹೇಳೋಕಾಗುತ್ತಾ?

ಕುರಿಗಳ ಅದೃಷ್ಟ ನೋಡಿ. ಕುರಿಯೂ ವರ್ಷಪೂರ್ತಿ ಮೇಯುವ ಪ್ರಾಣಿಯೇ. ಆದರೂ ಕುರಿ ಕಾಯುವವರಿಗೆ ಇದೇ ವೀಸಾದಲ್ಲಿ ಬಹಳ ಕಾಲ 364 ದಿನಗಳವರೆಗೆ ಅನುಮತಿ ಕೊಡುತ್ತಿದ್ದರು. ವರ್ಷಕ್ಕೆ ಒಂದೇ ದಿನ ಕಮ್ಮಿ. ಆ ಒಂದು ದಿನ ಕುರಿಗಳು ಏನು ಮಾಡಬೇಕಿತ್ತು ಅಂತ ನಾನು ಬಹಳ ಯೋಚಿಸಿದ್ದೇನೆ. ಉಪವಾಸ ಇರಬೇಕಿತ್ತು ಅನಿಸುತ್ತದೆ.

ಹಾಗಾದರೆ ಹಾಲು ಕರೆಯುವವರು ಯಾರು? ಡೈರಿಯವರದ್ದೇ ಲೆಕ್ಕದ ಪ್ರಕಾರ ಕೆಲಸಗಾರರಲ್ಲಿ ಸುಮಾರು ಅರ್ಧದಷ್ಟು ಜನ ವಲಸೆ ಬಂದವರು. ಅವರಲ್ಲಿ ಎಷ್ಟೋ ಜನರ ಹತ್ತಿರ ಕಾಗದಪತ್ರ ಇಲ್ಲ. ಇದು ಮಾಲೀಕನಿಗೂ ಗೊತ್ತು, ಅವನು ವೋಟು ಹಾಕಿದ ನಾಯಕನಿಗೂ ಗೊತ್ತು. ಹಸುವಿಗೂ ಗೊತ್ತಿರಬಹುದು. ವರ್ಷಪೂರ್ತಿ ಕೆಲಸಕ್ಕೂ ವೀಸಾ ಕೊಡೋಣ ಎಂಬ ಮಸೂದೆ ಕೆಳಮನೆಯಲ್ಲಿ 2019ರಲ್ಲಿ ಪಾಸಾಯಿತು, 2021ರಲ್ಲಿ ಇನ್ನೊಮ್ಮೆ ಪಾಸಾಯಿತು. ಎರಡು ಸಲವೂ ಸೆನೆಟ್‌ಗೆ ಹೋಗಿ ಬತ್ತಿಹೋಯಿತು. 2020ರಲ್ಲಿ ಕೊರೋನಾ ಬಂದಾಗ ಇದೇ ಕಾಗದ ಇಲ್ಲದ ಕೂಲಿಗಳ ಜೇಬಿಗೆ ಮಾಲೀಕರು ಒಂದು ಪತ್ರ ಇಟ್ಟರು. ಈತ ದೇಶಕ್ಕೆ ಅತ್ಯಗತ್ಯ ಕೆಲಸಗಾರ, ಲಾಕ್‌ಡೌನ್‌ನಲ್ಲಿ ತಡೆಯಬೇಡಿ ಅಂತ. ಇರಲು ಹಕ್ಕಿಲ್ಲ, ಇರದಿದ್ದರೆ ನಡೆಯಲ್ಲ. 2025ರ ಜೂನ್‌ನಲ್ಲಿ ಹೊಲ, ಹೋಟೆಲುಗಳ ಮೇಲೆ ವಲಸೆ ಅಧಿಕಾರಿಗಳ ದಾಳಿ ನಿಲ್ಲಿಸಿ ಎಂಬ ಆದೇಶ ಬಂತು, ಕೆಲವೇ ದಿನಗಳಲ್ಲಿ ನಿಲ್ಲಿಸಬೇಡಿ ಎಂಬ ಆದೇಶವೂ ಬಂತು. ಮಜ್ಜಿಗೆಗೆ ಹೋದವರು ಚೊಂಬು ಬಚ್ಚಿಟ್ಟರಂತೆ. ಇವರು ಮಜ್ಜಿಗೆಯನ್ನೂ ಕುಡಿದು, ಕೊಟ್ಟವಳನ್ನೂ ಹಿಡಿಸುತ್ತಾರೆ.

ಅದೇ ವರ್ಷದ ಸೆಪ್ಟೆಂಬರ್ 4ರಂದು ಅಮೆರಿಕದ ಜಾರ್ಜಿಯಾ ರಾಜ್ಯದ ಬ್ಯಾಟರಿ ಕಾರ್ಖಾನೆಯ ಕಥೆ ನಡೆದದ್ದು. ಬನ್ನಿ, ನಮ್ಮಲ್ಲಿ ಫ್ಯಾಕ್ಟರಿ ಹಾಕಿ ಅಂತ ಕೊರಿಯಾದವರನ್ನು ಕರೆದರು. ಅವರು ಬಂದು ಕಟ್ಟುತ್ತಿದ್ದರು. ಒಂದು ಬೆಳಗ್ಗೆ 475 ಜನರನ್ನು ಹಿಡಿದರು, ಅದರಲ್ಲಿ 300ಕ್ಕಿಂತ ಜಾಸ್ತಿ ಕೊರಿಯಾದವರೇ. ಕೈಗೆ, ಸೊಂಟಕ್ಕೆ, ಕಾಲಿಗೆ ಸರಪಳಿ. ವೀಸಾ ಸರಿ ಇರಲಿಲ್ಲ ಎಂಬುದು ಕಾರಣ, ಸರಿಯಾದ ವೀಸಾ ಸಕಾಲಕ್ಕೆ ಸಿಗುವುದಿಲ್ಲ ಎಂಬುದು ಕೊರಿಯಾದವರ ಹಳೇ ಗೋಳು. ಒಂದು ವಾರ ಕಳೆದು ವಿಮಾನ ಹತ್ತಿಸಬೇಕು ಅನ್ನುವಾಗ ಅಧ್ಯಕ್ಷರಿಗೆ ಹೊಳೆಯಿತು. ಇವರೆಲ್ಲ ಕೆಲಸ ಬಲ್ಲವರು, ಇಲ್ಲೇ ಉಳಿದು ನಮ್ಮವರಿಗೂ ಸ್ವಲ್ಪ ಕಲಿಸಿಕೊಡಬಹುದಲ್ವಾ? ಈ ಪ್ರಶ್ನೆಗಾಗಿ ಪ್ರಯಾಣ ಒಂದು ದಿನ ಮುಂದಕ್ಕೆ ಹೋಯಿತು. ಸರಪಳಿ ಬಿಚ್ಚಿ ಟ್ಯೂಷನ್ ಕೇಳುವ ಧೈರ್ಯವನ್ನು ಮೆಚ್ಚಲೇಬೇಕು. ಒಬ್ಬರು ಮಾತ್ರ ಉಳಿದರು.

ಅಮೆರಿಕವನ್ನೇ ಬೈದರೆ ಬೇರೆಯವರಿಗೆ ಬೇಜಾರಾದೀತು. 2020ರ ವಸಂತದಲ್ಲಿ ಜರ್ಮನಿ ಗಡಿ ಮುಚ್ಚಿ, ಹೊಲದ ಕೂಲಿಗಳೂ ಬೇಡ ಅಂತು. ಆಮೇಲೆ ಆಸ್ಪರಾಗಸ್ ಕೊಯ್ಲಿಗೆ ಬಂದಿರುವುದು ನೆನಪಾಯಿತು. ಏಪ್ರಿಲ್‌ಗೆ 40,000, ಮೇಗೆ 40,000 ಜನ ಬರಬಹುದು, ವಿಮಾನದಲ್ಲಿ ಬರಲಿ ಅಂತು. ವೈರಸ್ ಕೂಡ ದಾಟಬಾರದ ಗಡಿಯನ್ನು ಒಂದು ತರಕಾರಿ ತೆರೆಸಿತು. ಬ್ರಿಟನ್ನಿನವರು 2021ರಲ್ಲಿ ಲಾರಿ ಡ್ರೈವರುಗಳಿಗೆ 5,000, ಕೋಳಿ ಕೆಲಸಕ್ಕೆ 5,500 ವೀಸಾ ಅಂತ ಸಾರಿದರು, ಅವಧಿ ಡಿಸೆಂಬರ್ 24ರವರೆಗೆ. ಟರ್ಕಿ ಕೋಳಿ ಕತ್ತರಿಸಿ, ಪ್ಯಾಕ್ ಮಾಡಿ, ತಲುಪಿಸಿ, ಕ್ರಿಸ್‌ಮಸ್ ಊಟದ ಹಿಂದಿನ ದಿನ ಮನೆಗೆ ಹೊರಡಿ! ಡ್ರೈವರುಗಳು ಮೂತಿ ತಿರುಗಿಸಿದ ಮೇಲೆ ಆ ತಾರೀಕನ್ನು ಮುಂದೆ ಹಾಕಿದರು.

ಇಲ್ಲಿಯವರೆಗೆ ನಗಬಹುದು. ಬ್ರಿಟನ್ನಿನ ಇನ್ನೊಂದು ವಿಷಯಕ್ಕೆ ನನಗೆ ನಗು ಬರುವುದಿಲ್ಲ.

ಮುದುಕರನ್ನು ನೋಡಿಕೊಳ್ಳಲು ಜನ ಸಾಲುತ್ತಿಲ್ಲ ಅಂತ 2022ರ ಫೆಬ್ರವರಿಯಲ್ಲಿ ಅಲ್ಲಿ ಆರೈಕೆ ಕೆಲಸಕ್ಕೆ ವೀಸಾ ತೆರೆದರು. ಸಾಲ ಮಾಡಿ, ಏಜೆಂಟರಿಗೆ ಸುರಿದು ಹೋದ ಎಷ್ಟೋ ಜನರಿಗೆ ಹೇಳಿದಷ್ಟು ಕೆಲಸವೂ ಸಿಗಲಿಲ್ಲ, ಸಂಬಳವೂ ಸಿಗಲಿಲ್ಲ. ಕೆಲಸ ಸಿಕ್ಕವರು ಯಾರದೋ ತಾಯಿಯನ್ನು ಮೆಲ್ಲಗೆ ಮಗ್ಗುಲಿಗೆ ಹೊರಳಿಸಿ, ಒದ್ದೆಯಾದ ಹಾಸಿಗೆ ಬಟ್ಟೆ ಎಳೆದು, ಒಣಗಿದ್ದನ್ನು ಹಾಸಿ, ಬೆನ್ನು ಒರೆಸಿ, ಮುಂದಿನ ಮನೆಗೆ ಓಡಿದರು. 2024ರ ಮಾರ್ಚ್‌ನಿಂದ, ಹೊಸದಾಗಿ ಬರುವವರು ಗಂಡ ಹೆಂಡತಿ ಮಕ್ಕಳನ್ನು ಕರೆತರುವಂತಿಲ್ಲ ಅಂದರು. ಅಂದರೆ ನಮ್ಮ ಅಮ್ಮನನ್ನು ಅಮ್ಮನ ಹಾಗೆ ನೋಡಿಕೋ, ನಿನ್ನ ಮಗು ಮಾತ್ರ ಫೋನಿನಲ್ಲೇ ಬೆಳೆಯಲಿ ಅಂತ. ಇದನ್ನು ಬರೆದವರಿಗೆ ಮಕ್ಕಳಿರಲಿಲ್ವಾ? ಅವರು ರಾತ್ರಿ ಮನೆಗೆ ಹೋಗಿ ಯಾರ ಮುಖ ನೋಡಿದರು? ಎಷ್ಟು ಸಲ ಓದಿದರೂ ನನಗೆ ಅರ್ಥವಾಗಿಲ್ಲ.

2025ರ ಜುಲೈನಲ್ಲಿ ಹೊರದೇಶದಿಂದ ಆರೈಕೆಗೆ ಕರೆಸುವುದನ್ನೇ ನಿಲ್ಲಿಸಿದರು. ಈಗಾಗಲೇ ಒಳಗಿರುವವರು 2028ರ ಜುಲೈವರೆಗೆ ವೀಸಾ ಮುಂದುವರಿಸಿಕೊಳ್ಳಬಹುದಂತೆ. ಅಷ್ಟರೊಳಗೆ ತಮ್ಮ ಜನ ಮುದುಕರಾಗುವುದನ್ನು ನಿಲ್ಲಿಸಿಬಿಡುತ್ತಾರೆ ಅಂತ ಲೆಕ್ಕ ಹಾಕಿದ್ದಾರೋ ಏನೋ.