ಎಪ್ಪತ್ತಕ್ಕೆ ನಿಂತ ಸೀಸನ್

ಅಮೆರಿಕ, ಕೆನಡಾದ ತಂಡಗಳ ಎನ್‌ಎಚ್‌ಎಲ್ ಲೀಗಿನಲ್ಲಿ ಐಸ್ ಹಾಕಿ ಆಡುವ ತಂಡಕ್ಕೆ ಒಂದು ಸೀಸನ್ ಅಂದರೆ 82 ಮ್ಯಾಚು. 41 ತಮ್ಮ ಊರಲ್ಲಿ, 41 ಊರೂರು ಸುತ್ತಿಕೊಂಡು. ಇದು ಬರೀ ಲೀಗ್ ಹಂತ. ಪ್ಲೇಆಫ್ ಬೇರೆ. ಅಲ್ಲಿ ಏಳು ಮ್ಯಾಚಿನ ಒಂದೊಂದು ಸರಣಿ, ಅಂಥ ನಾಲ್ಕು ಸರಣಿ ಗೆದ್ದರೆ ಸ್ಟ್ಯಾನ್ಲಿ ಕಪ್. ಇಷ್ಟು ಸಾಲದು ಅಂತ 2026-27ರಿಂದ 82 ಹೋಗಿ 84 ಮಾಡುವುದೆಂದು ತೀರ್ಮಾನಿಸಿದ್ದಾರೆ. ಐಪಿಎಲ್‌ನ 14 ಲೀಗ್ ಮ್ಯಾಚಿಗೇ ‘ಇನ್ನೂ ಮುಗಿದಿಲ್ವಾ?’ ಎಂದು ಮನೆಯವರ ಹತ್ತಿರ ಬೈಸಿಕೊಳ್ಳುವ ನಮ್ಮಂಥವರಿಗೆ ಇದು ತಲೆ ತಿರುಗುವ ಲೆಕ್ಕ.

ಕೆನಡಾದ ಟೊರೊಂಟೊ ಕಡೆ ಬಂದು ನೆಲೆಸಿದ ಕನ್ನಡಿಗರಿಗೆ ಮೊದಮೊದಲು ಇದು ಹಿಡಿಸುವುದಿಲ್ಲ. ಪಕ್ ಎಲ್ಲಿದೆ ಅಂತಲೇ ಕಾಣುವುದಿಲ್ಲ. ಮೂರು ಇಂಚು ಅಗಲ, ಒಂದು ಇಂಚು ದಪ್ಪದ ಕಪ್ಪು ರಬ್ಬರಿನ ಬಿಲ್ಲೆ ಅದು. ಪುಟಿಯಬಾರದು ಅಂತ ಫ್ರೀಜರಿನಲ್ಲಿಟ್ಟು, ಕಲ್ಲಿನ ಹಾಗೆ ಮಾಡಿ ತರುತ್ತಾರೆ. ಆಟಗಾರರೂ ಒಂದು ಕಡೆ ನಿಲ್ಲುವವರಲ್ಲ. ಮುಕ್ಕಾಲು ನಿಮಿಷ ಆಡುವುದು, ಏದುಸಿರು ಬಿಡುತ್ತಾ ಬೆಂಚಿಗೆ ಹಾರಿ ಕೂರುವುದು, ಬೇರೆಯವರು ಇಳಿಯುವುದು. ಯಾರು ಯಾರು ಅಂತ ಗುರುತು ಹಿಡಿಯುವಷ್ಟರಲ್ಲಿ ಆಸಾಮಿಯೇ ಬದಲು. ಶನಿವಾರ ರಾತ್ರಿ ಹಾಕಿ ಅನ್ನುವುದು ಈ ದೇಶದಲ್ಲಿ ರೇಡಿಯೋ ಕಾಲದಿಂದ ಬಂದ ಕಟ್ಟಳೆ. 2008ರಿಂದ ಪಂಜಾಬಿಯಲ್ಲೂ ಕಾಮೆಂಟರಿ ಬರುತ್ತಿದೆ. ಕನ್ನಡದಲ್ಲಿ ಬಂದರೆ ಹೇಗಿರಬಹುದು ಅಂತ ಸುಮ್ನೆ ಯೋಚಿಸಿದ್ದೇನೆ. ಆಕಾಶವಾಣಿಯಲ್ಲಿ ಜಂಬೂ ಸವಾರಿಯ ವೀಕ್ಷಕ ವಿವರಣೆ ಕೊಡುವ ಗತ್ತಿನಲ್ಲಿ ಶುರು ಮಾಡಿದರೆ, ಮೊದಲ ವಾಕ್ಯ ಮುಗಿಯುವಷ್ಟರಲ್ಲಿ ಮೂರು ಗೋಲು ಆಗಿರುತ್ತದೆ.

ನನಗೆ ಸೀಸನ್ ಅನ್ನುವುದು ತಲೆಗೆ ಹೋಗಿದ್ದು ಯಕ್ಷಗಾನ ಮೇಳದ ತಿರುಗಾಟ ನೆನಪಾದ ಮೇಲೆ. ನವೆಂಬರ್ ಹೊತ್ತಿಗೆ ಹೊರಟ ಮೇಳ ಮೇ ಕೊನೆಯಲ್ಲಿ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತದೆ. ಇವತ್ತು ಈ ಊರು, ನಾಳೆ ಆ ಊರು. ಅದೇ ವೇಷ, ಅದೇ ಪೆಟ್ಟಿಗೆ, ಅದೇ ಲಾರಿ. ಒಂದು ರಾತ್ರಿ ಆಟ ರಂಗೇರುತ್ತದೆ, ಇನ್ನೊಂದು ರಾತ್ರಿ ಚೆಂಡೆಯವನೂ ಆಕಳಿಸುತ್ತಾನೆ. ಆದರೂ ಮಾರನೇ ದಿನ ಚೌಕಿಯಲ್ಲಿ ಬಣ್ಣ ಹಚ್ಚಲೇಬೇಕು. ಹಾಕಿ ತಂಡದವರದ್ದೂ ಹೆಚ್ಚುಕಡಿಮೆ ಅದೇ ತಿಂಗಳುಗಳು, ಅದೇ ಬಾಳು. ಲಾರಿ ಬದಲು ವಿಮಾನ, ಅಷ್ಟೇ. ಜನವರಿಯ ಒಂದು ಮಂಗಳವಾರ ರಾತ್ರಿ, ಹೊರಗೆ ಮೈನಸ್ ಹದಿನೈದು, ಎಲ್ಲೋ ಒಂದು ಊರಿನಲ್ಲಿ ಸೋಲುತ್ತಿರುವ ತಂಡವನ್ನು ಇಲ್ಲಿ ರಗ್ಗು ಹೊದ್ದು ನೋಡುತ್ತೀರಿ. ಮ್ಯಾಚ್ ಏನೂ ದೊಡ್ಡದಲ್ಲ. ಅದು ಇಲ್ಲದಿದ್ದರೆ ಮಾತ್ರ ಆ ರಾತ್ರಿ ಇನ್ನೂ ಉದ್ದ.

ಟೊರೊಂಟೊದ ತಂಡ ಮೇಪಲ್ ಲೀಫ್ಸ್. ಕೊನೆಯ ಸಲ ಸ್ಟ್ಯಾನ್ಲಿ ಕಪ್ ಗೆದ್ದಿದ್ದು 1967ರ ಮೇ 2ರಂದು, ಮಾಂಟ್ರಿಯಲ್ ಮೇಲೆ. ಆಗ ಇಡೀ ಲೀಗಿನಲ್ಲಿ ಇದ್ದದ್ದೇ ಆರು ತಂಡ, ಈಗ 32. ಆರ್‌ಸಿಬಿಗಾಗಿ 2025ರವರೆಗೆ ಕಾದ ನಾವು ನಮ್ಮದೇ ದೊಡ್ಡ ತಪಸ್ಸು ಅಂದುಕೊಂಡಿದ್ದೆವು. ಇಲ್ಲಿಯವರ ಮುಂದೆ ಅದನ್ನು ಹೇಳಿಕೊಳ್ಳಲು ಹೋಗಬೇಡಿ.

ಆ 1967ರ ಕಪ್ ಗೆದ್ದ ಜಾಗಕ್ಕೆ ಈಗಲೂ ಹೋಗಬಹುದು, ಟಿಕೆಟ್ ಬೇಡ. ಮೇಪಲ್ ಲೀಫ್ ಗಾರ್ಡನ್ಸ್ ಅನ್ನುವ ಹಳೇ ಕಟ್ಟಡ ಅದು. 1931ರಿಂದ 1999ರವರೆಗೆ ತಂಡದ ಮನೆ. ಈಗ ಕೆಳಗಡೆ ಲಾಬ್ಲಾಸ್ ದಿನಸಿ ಅಂಗಡಿ. 25ನೇ ಸಾಲಿನಲ್ಲಿ ನೆಲದ ಮೇಲೆ ಒಂದು ಕೆಂಪು ಚುಕ್ಕಿ ಬಳಿದಿದ್ದಾರೆ. ಹಳೆಯ ರಿಂಕಿನ, ಅಂದರೆ ಐಸಿನ ಅಂಗಳದ, ನಟ್ಟನಡುವಿನ ಗುರುತು ಅದು. ವಯಸ್ಸಾದವರು ತಳ್ಳುಗಾಡಿ ಪಕ್ಕಕ್ಕಿಟ್ಟು ಆ ಚುಕ್ಕಿಯ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಹಿಂದಿನವರು ‘ಸ್ವಲ್ಪ ದಾರಿ ಬಿಡಿ’ ಅನ್ನುತ್ತಾರೆ. ಮಹಡಿಯ ಮೇಲೆ ವಿಶ್ವವಿದ್ಯಾಲಯದವರು ಹೊಸದಾಗಿ ಇನ್ನೊಂದು ರಿಂಕ್ ಕಟ್ಟಿಸಿದ್ದಾರೆ. ಆ ಮಹಡಿಯನ್ನು ನೆನಪಿಟ್ಟುಕೊಳ್ಳಿ.

ನಾನು ಹೇಳಹೊರಟಿದ್ದು 2019-20ರ ಸೀಸನ್ ಬಗ್ಗೆ. ಅದು ಶುರುವಾಗಿದ್ದು ಎಲ್ಲ ಸೀಸನ್‌ಗಳ ಹಾಗೇ, ಅಕ್ಟೋಬರ್ 2ರಂದು, ಒಟ್ಟಾವಾ ಮೇಲೆ 5-3ರ ಗೆಲುವಿನಿಂದ. ಕಾರುಗಳ ಕಿಟಕಿಗೆ ನೀಲಿ ಬಾವುಟ ಬಂತು. ನವೆಂಬರ್‌ನಲ್ಲಿ ಒಂದರ ಹಿಂದೊಂದು ಆರು ಸೋಲು. 20ನೇ ತಾರೀಕು ಕೋಚ್ ಮೈಕ್ ಬಾಬ್‌ಕಾಕ್ ಅವರನ್ನು ತೆಗೆದು ಹಾಕಿದರು. 2015ರಲ್ಲಿ ಎಂಟು ವರ್ಷಕ್ಕೆ ಐದು ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡು ಅವರನ್ನು ತಂದಿದ್ದರು. ತಂಡ ಆಗ ಅರಿಜೋನಾದಲ್ಲಿ, ತಿರುಗಾಟದ ನಡುವೆ ಇತ್ತು. ಮಾರನೇ ದಿನ ಹೊಸ ಕೋಚ್ ಶೆಲ್ಡನ್ ಕೀಫ್ ಬಂದರು, ಅದೇ ಊರಿನಲ್ಲಿ ತಂಡ ಗೆದ್ದಿತು. ಇಂಥದ್ದು ಹಾಕಿಯಲ್ಲಿ ಮಾಮೂಲಿ. ಆಟಗಾರರನ್ನೆಲ್ಲ ಬದಲಾಯಿಸುವುದು ಕಷ್ಟ, ಕೋಚ್ ಒಬ್ಬರೇ ಅಲ್ವಾ.

ಪಾಯಿಂಟಿನ ಲೆಕ್ಕವೂ ಒಂದು ತಮಾಷೆ. ಗೆದ್ದರೆ ಎರಡು. ಸೋತರೆ ಸೊನ್ನೆ. ಆದರೆ ಸಮಬಲವಾಗಿ, ಓವರ್‌ಟೈಮಿನಲ್ಲೋ ಶೂಟೌಟ್‌ನಲ್ಲೋ ಸೋತರೆ ಒಂದು. ಹಾಗಾಗಿ ಸೋತ ರಾತ್ರಿಯೂ ಅಭಿಮಾನಿಗಳು ‘ಪರವಾಗಿಲ್ಲ, ಒಂದು ಪಾಯಿಂಟ್ ಬಂತು’ ಎಂದು ಮಲಗುತ್ತಾರೆ. ಇಷ್ಟು ಒಳ್ಳೆಯ ಮನಸ್ಸಿನ ಅಂಕಪಟ್ಟಿ ಬೇರೆ ಆಟಗಳಲ್ಲಿ ನನಗೆ ಕಂಡಿಲ್ಲ.

ಇನ್ನು ಫೆಬ್ರವರಿ 22, ಶನಿವಾರ. ಎದುರಾಳಿ ಕ್ಯಾರೊಲೈನಾ ಹರಿಕೇನ್ಸ್. ಮೊದಲ ಅವಧಿಯಲ್ಲಿ ಅವರ ಗೋಲಿ, ಅಂದರೆ ಗೋಲು ಕಾಯುವವನು, ಜೇಮ್ಸ್ ರೈಮರ್‌ಗೆ ಪೆಟ್ಟಾಯಿತು. ಎರಡನೆಯವನು ಪೀಟರ್ ಮ್ರಾಜೆಕ್ ಬಂದ. ಅವನಿಗೂ ಟೊರೊಂಟೊದ ಆಟಗಾರನೊಬ್ಬ ಬಂದು ಗುದ್ದಿ, ಅವನೂ ಹೊರಗೆ. ತಂಡದ ಹತ್ತಿರ ಇರುವುದು ಇಬ್ಬರೇ ಗೋಲಿ. ಇಂಥ ಹೊತ್ತಿಗೆ ಅಂತಲೇ ಆಗ ಲೀಗಿನಲ್ಲಿ ಒಂದು ನಿಯಮವಿತ್ತು. ಆತಿಥೇಯ ಊರಿನವರು ಒಬ್ಬ ಆಪತ್ಕಾಲದ ಗೋಲಿಯನ್ನು ಗ್ಯಾಲರಿಯಲ್ಲಿ ಕೂರಿಸಿರಬೇಕಿತ್ತು. ಯಾವ ತಂಡಕ್ಕೆ ಬೇಕಾದರೂ ಅವನು ಇಳಿಯಬೇಕಿತ್ತು. ಎಷ್ಟೋ ವರ್ಷ ಇವರು ಸುಮ್ನೆ ಕೂತು, ಮ್ಯಾಚ್ ನೋಡಿ, ಮನೆಗೆ ಹೋಗುತ್ತಿದ್ದರು.

ಅವತ್ತು ಕೂತಿದ್ದವನು ಡೇವಿಡ್ ಏಯರ್ಸ್. ವಯಸ್ಸು 42. 2004ರಲ್ಲಿ ತಾಯಿಯ ಕಿಡ್ನಿ ಹಾಕಿಸಿಕೊಂಡವನು. ಕೆಲಸ ರಿಂಕ್ ನೋಡಿಕೊಳ್ಳುವುದು. ಯಾವ ರಿಂಕ್ ಅಂತೀರಿ? ಆ ದಿನಸಿ ಅಂಗಡಿಯ ಮಹಡಿಯ ಮೇಲಿನದು. ಝಂಬೋನಿ ಓಡಿಸುತ್ತಿದ್ದವನು.

ಝಂಬೋನಿ ಬಗ್ಗೆ ಒಂದೆರಡು ಮಾತು ಹೇಳದೆ ಮುಂದೆ ಹೋಗಲಾರೆ. ಆಟದಲ್ಲಿ 20 ನಿಮಿಷದ ಮೂರು ಅವಧಿ. ಒಂದೊಂದು ಅವಧಿ ಮುಗಿಯುವಷ್ಟರಲ್ಲಿ ಸ್ಕೇಟಿನ ಅಲಗು ಕೊರೆದು ಕೊರೆದು ಐಸ್ ಎಲ್ಲ ಗೀರು, ಮೇಲೆ ಬಿಳೀ ಪುಡಿ. ಆಗ ಮೂಲೆಯ ಬಾಗಿಲು ತೆರೆದು ಈ ಗಾಡಿ ಹೊರಗೆ ಬರುತ್ತದೆ. ಅದರ ಹೊಟ್ಟೆಯಡಿ ಉದ್ದನೆಯ ಬ್ಲೇಡು, ಐಸಿನ ಮೇಲ್ಪದರವನ್ನು ಹೆರೆಯುತ್ತದೆ. ಹೆರೆದ ಪುಡಿ ಒಳಗೆ ತುಂಬಿಕೊಳ್ಳುತ್ತದೆ. ಹಿಂದಿನಿಂದ ಒದ್ದೆ ಬಟ್ಟೆಯೊಂದು ಬಿಸಿನೀರು ಸವರುತ್ತಾ ಬರುತ್ತದೆ. ಬಿಸಿನೀರೇ ಯಾಕೆಂದರೆ, ಅದು ಕೆಳಗಿನ ಐಸನ್ನು ಚೂರು ಕರಗಿಸಿ ಅದರ ಜತೆ ಕೂಡಿಕೊಂಡು ಹೆಪ್ಪುಗಟ್ಟುತ್ತದೆ. ಗಾಡಿ ಹೋದ ಜಾಗ ಒಂದು ಪಟ್ಟೆ ಕನ್ನಡಿಯಂತೆ ಹೊಳೆಯುತ್ತದೆ, ಪಕ್ಕದ್ದು ಇನ್ನೂ ಮಂಕು. ದೊಡ್ಡವರು ಕಾಫಿಗೆ ಎದ್ದು ಹೋಗುತ್ತಾರೆ. ಮಕ್ಕಳು ಏಳುವುದಿಲ್ಲ. ನಾನೂ ಏಳುವುದಿಲ್ಲ. ಆಟದಲ್ಲಿ ಯಾರೂ ಯಾರನ್ನೂ ಗುದ್ದದೆ, ಒಂದು ಕೆಲಸ ಶುರುವಾಗಿ ಪೂರ್ತಿ ಮುಗಿಯುವುದು ಕಾಣುವುದು ಅದೊಂದೇ ಹೊತ್ತು.

ಇಂಥ ಗಾಡಿ ಓಡಿಸುತ್ತಿದ್ದವನು ಕ್ಯಾರೊಲೈನಾದ 90ನೇ ನಂಬರಿನ ಅಂಗಿ ತೊಟ್ಟು ಗೋಲಿನ ಮುಂದೆ ನಿಂತ. ಅದಕ್ಕೂ ಮುಂಚೆ ಲೀಫ್ಸ್‌ಗೇ ಅಭ್ಯಾಸದಲ್ಲಿ ಗೋಲಿಯಾಗಿ ನಿಲ್ಲುತ್ತಿದ್ದವನು ಅವನು. ಅವರ ಹೊಡೆತ ಹೇಗೆ ಬರುತ್ತದೆ ಅಂತ ಗೊತ್ತು, ಅವರಿಗೂ ಅವನು ಗೊತ್ತು. ತಲೆಗವಸು ಮಾತ್ರ ಟೊರೊಂಟೊ ಕಡೆಯದ್ದೇ. ಮೊದಲು ಬಂದ ಎರಡು ಹೊಡೆತವೂ ಒಳಗೆ. 4-1 ಇದ್ದದ್ದು 4-3 ಆಯಿತು. ಪ್ರೇಕ್ಷಕರಿಗೆ ಖುಷಿ ಪಡಬೇಕೋ, ಪಾಪ ಅನ್ನಬೇಕೋ ತಿಳಿಯದ ಸ್ಥಿತಿ. ಆಮೇಲೆ ವಿರಾಮ. ವಿರಾಮದ ನಂತರ ಏನಾಯಿತೋ, ಒಂದೂ ಬಿಡಲಿಲ್ಲ. ಒಟ್ಟು ಹತ್ತು ಹೊಡೆತದಲ್ಲಿ ಎಂಟು ತಡೆದ. ಕ್ಯಾರೊಲೈನಾದವರು ಇನ್ನೆರಡು ಗೋಲು ಹೊಡೆದು 6-3 ಮಾಡಿದರು. ಕೋಟಿಗಟ್ಟಲೆ ಸಂಬಳದ ತಂಡ, ತನ್ನದೇ ಊರಿನಲ್ಲಿ, ತನ್ನದೇ ಅಭ್ಯಾಸದ ಗೋಲಿಯ ಕೈಯಲ್ಲಿ ಸೋತಿತು. ಅವನ ಸ್ಟಿಕ್ಕು ಹಾಕಿ ಹಾಲ್ ಆಫ್ ಫೇಮ್ ಸೇರಿತು. ಆ ಹಾಲ್ ಆಫ್ ಫೇಮ್ ಇರುವುದೂ ಟೊರೊಂಟೊದಲ್ಲೇ. ಊರವರು ಬೇಕಾದರೆ ಹೋಗಿ ನೋಡಿ ಇನ್ನೊಮ್ಮೆ ನೊಂದುಕೊಳ್ಳಬಹುದು.

ಒಂದು ವಿಚಿತ್ರ ಹೇಳಲೇ? 1967ರ ತಂಡದ ಗೋಲಿಗಳಲ್ಲಿ ಒಬ್ಬರು ಜಾನಿ ಬೋವರ್. ಕಪ್ ಗೆದ್ದಾಗ ಅವರಿಗೂ 42.

ಆ ರಾತ್ರಿ ಸೀಸನ್ನಿನ ತಳ ಅಂತ ಎಲ್ಲರೂ ಅಂದುಕೊಂಡರು. ಇನ್ನು ಮೇಲಕ್ಕೇ ದಾರಿ ಅಂತ. ಮೂರು ವಾರ ಕಳೆಯುವುದರೊಳಗೆ, ಮಾರ್ಚ್ 12ರಂದು, ಇಡೀ ಲೀಗೇ ನಿಂತಿತು. ಕೋವಿಡ್. ಲೀಫ್ಸ್ ಆಡಿದ್ದು 70 ಮ್ಯಾಚು. ಲೀಫ್ಸ್‌ನ ಆಸ್ಟನ್ ಮ್ಯಾಥ್ಯೂಸ್ ಆಗ 47 ಗೋಲು ಹೊಡೆದಿದ್ದ. ಲೀಗಿನಲ್ಲಿ ಅತಿ ಹೆಚ್ಚು ಹೊಡೆದ ಇಬ್ಬರದ್ದು 48. ಉಳಿದ 12 ಮ್ಯಾಚು ಆಡಿದ್ದರೆ ಯಾರಿಗೆ ಎಷ್ಟಾಗುತ್ತಿತ್ತು ಅನ್ನುವ ಲೆಕ್ಕಾಚಾರ ಲಾಕ್‌ಡೌನಿನ ಎಷ್ಟೋ ಸಂಜೆಗಳನ್ನು ಕಳೆಯಿತು. ಹಾಕಿ ಗೊತ್ತಿಲ್ಲದವರೂ ಆ ಲೆಕ್ಕಕ್ಕೆ ಕೈಹಾಕಿದರು. ಬೇರೇನು ಕೆಲಸ ಇತ್ತು?

ಮತ್ತೆ ಶುರುವಾಗಿದ್ದು ಆಗಸ್ಟ್‌ನಲ್ಲಿ. ಆಗಸ್ಟ್ ಅಂದರೆ ಇಲ್ಲಿ ಬಿರುಬೇಸಿಗೆ. ಹಿತ್ತಲಲ್ಲಿ ಟೊಮೆಟೊ ಹಣ್ಣಾಗುವ ಕಾಲದಲ್ಲಿ ಟಿವಿಯಲ್ಲಿ ಐಸು. ಆಟಕ್ಕೆ ಕರೆದ ತಂಡಗಳಲ್ಲಿ ಅರ್ಧವನ್ನು ಟೊರೊಂಟೊದಲ್ಲಿ, ಇನ್ನರ್ಧವನ್ನು ಎಡ್ಮಂಟನ್‌ನಲ್ಲಿ ಹೋಟೆಲಿಗೆ ಕೂಡಿಹಾಕಿ ಆಡಿಸಿದರು. ಪ್ರೇಕ್ಷಕರಿಲ್ಲ. ಖಾಲಿ ಅಂಗಳದಲ್ಲಿ ಸ್ಟಿಕ್ಕಿಗೆ ಪಕ್ ತಾಗುವ ಟಕ್ ಟಕ್ ಕೇಳುತ್ತಿತ್ತು. ಲೀಫ್ಸ್‌ಗೆ ಸಿಕ್ಕಿದ್ದು ಕೊಲಂಬಸ್, ಐದು ಮ್ಯಾಚಿನ ಸರಣಿ. ಮೂರನೇ ಮ್ಯಾಚಿನಲ್ಲಿ ಲೀಫ್ಸ್ 3-0 ಮುಂದಿದ್ದು, ಓವರ್‌ಟೈಮಿನಲ್ಲಿ 4-3ಕ್ಕೆ ಸೋತರು. ಮರುದಿನ ಅದೇ ಕಥೆ ತಿರುಗುಮುರುಗಾಯಿತು. ಕೊಲಂಬಸ್ 3-0 ಮುಂದೆ. ಕೊನೆಯ ನಾಲ್ಕು ನಿಮಿಷದಲ್ಲಿ ಲೀಫ್ಸ್ ತಮ್ಮ ಗೋಲಿಯನ್ನೂ ಹೊರಗೆ ಕರೆಸಿಕೊಂಡು, ಒಬ್ಬ ಹೆಚ್ಚಿನ ದಾಳಿಗಾರನನ್ನು ಇಳಿಸಿ, ಮೂರೂ ಗೋಲು ತೀರಿಸಿದರು. ಓವರ್‌ಟೈಮಿನಲ್ಲಿ ಮ್ಯಾಥ್ಯೂಸ್ ಹೊಡೆದ. 4-3. ಆ ರಾತ್ರಿ ನಮ್ಮ ಬೀದಿಯಲ್ಲಿ ಯಾರೋ ಪಾತ್ರೆ ಬಡಿದರು. ಆಗೆಲ್ಲ ಪಾತ್ರೆ ಬಡಿಯುತ್ತಿದ್ದದ್ದು ಆಸ್ಪತ್ರೆಯವರಿಗಾಗಿ, ಹಾಗಾಗಿ ಯಾತಕ್ಕೆ ಅಂತ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಐದನೆಯದು ಆಗಸ್ಟ್ 9. 3-0. ಸೋತದ್ದು ನಾವು.

ಅಕ್ಟೋಬರ್‌ನಿಂದ ಆಗಸ್ಟ್‌ವರೆಗೆ ಎಳೆದ ಸೀಸನ್ನಿನಲ್ಲಿ ಗೆರೆ ಎಳೆದು ‘ಇಲ್ಲಿ ಮುಗೀತು’ ಅನ್ನುವ ಜಾಗ ಎಲ್ಲಿ ಅಂತಲೇ ತಿಳಿಯದಾಗಿತ್ತು. ಅಂಕಪಟ್ಟಿಯಲ್ಲಿ 36 ಗೆಲುವು, 25 ಸೋಲು, ಒಂದು ಪಾಯಿಂಟ್ ಸಿಕ್ಕ ಸೋಲು 9 ಅಂತ ಇದೆ. ಆದರೆ ಇವತ್ತು ಯಾರನ್ನಾದರೂ ಆ ವರ್ಷದ ಬಗ್ಗೆ ಕೇಳಿ. ಆ 36ರಲ್ಲಿ ಒಂದನ್ನೂ ಹೇಳುವುದಿಲ್ಲ, ಝಂಬೋನಿಯವನ ಹೆಸರು ಹೇಳುತ್ತಾರೆ. ಹೇಳುವಾಗ ಮುಖದಲ್ಲಿ ಸಿಟ್ಟೂ ಇರುವುದಿಲ್ಲ. ತಮ್ಮ ಊರಿನ ಹುಡುಗ ಅನ್ನುವ ಹಾಗೆ ಹೇಳುತ್ತಾರೆ. ಇದು ನನಗೆ ಈ ಊರಿನ ಬಗ್ಗೆ ತುಂಬ ಇಷ್ಟವಾದ ಸಂಗತಿ.

ಮುಂದಿನ ಸೀಸನ್ 2021ರ ಜನವರಿ 13ಕ್ಕೆ ಶುರುವಾಯಿತು. ಗಡಿ ಮುಚ್ಚಿದ್ದರಿಂದ ಕೆನಡಾದ ಏಳು ತಂಡಗಳು ತಮ್ಮ ತಮ್ಮಲ್ಲೇ 56 ಮ್ಯಾಚ್ ಆಡುವುದು ಅಂತಾಯಿತು. ಮೊದಲನೆಯದು ಮಾಂಟ್ರಿಯಲ್ ಮೇಲೆ, ಓವರ್‌ಟೈಮಿನಲ್ಲಿ 5-4, ಗೆಲುವು. ಕೂಡಲೇ ನಮ್ಮ ಕನ್ನಡಿಗರ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು ‘ಈ ಸಲ ಕಪ್ ನಮ್ದೇ’ ಅಂತ ಹಾಕಿದರು. ಯಾವ ತಂಡ ಅಂತ ಯಾರೂ ಕೇಳಲಿಲ್ಲ.