ಗೋಡೆಗೆ ಕಣ್ಣು ಬಿಡಿಸಿದ ಮನುಷ್ಯ

ಅಕ್ಕನ ಮಗ ಮೊನ್ನೆ ಮೊಬೈಲ್ ಹಿಡ್ಕೊಂಡು ಬಂದ. ಅದರಲ್ಲೊಂದು ಗೋಡೆಯ ಚಿತ್ರ. ಗೋಡೆಗೆ ಎರಡು ತೂಕಡಿಸುವ ಕಣ್ಣು, ಮೊಂಡು ಕೈಕಾಲು. "ಮಾಮ, ಇದನ್ನ ಬಿಡಿಸಿದವನ ತಲೇಲಿ ಏನಿತ್ತು?" ಅಂದ. "ತಲೇಲಿ ಏನೂ ಇರ್ಲಿಲ್ಲ ಕಣೋ, ಜೀವ ಅಂಗೈಲಿತ್ತು" ಅಂದೆ. ಅವನಿಗೆ ತಿಳಿಯಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಅವನಂತೂ ಓದಲಿಕ್ಕಿಲ್ಲ, ನೀವಾದರೂ ಓದಿ.

ಆ ಗೋಡೆಯ ಹೆಸರು ನುರಿಕಾಬೆ. ಬಿಡಿಸಿದವರು ಶಿಗೆರು ಮಿಜುಕಿ, 'ಗೆಗೆಗೆ ನೊ ಕಿತಾರೊ' ಎಂಬ ಮಂಗಾ, ಅಂದರೆ ಜಪಾನೀ ಚಿತ್ರಕತೆ, ಬರೆದವರು. 1922ರಲ್ಲಿ ಹುಟ್ಟಿ, 93 ವರ್ಷ ಬಾಳಿ, 2015ರಲ್ಲಿ ತೀರಿಕೊಂಡರು. ನಮ್ಮಲ್ಲಿ ದೆವ್ವ, ಕೊಳ್ಳಿದೆವ್ವ, ಮೋಹಿನಿ ಅಂತ ಬೇರೆ ಬೇರೆ ಹೆಸರಿರುವ ಹಾಗೆ ಜಪಾನಿನ ಹಳ್ಳಿಗಳಲ್ಲೂ ಊರಿಗೊಂದು ಪಿಶಾಚಿಯಿದೆ. ಎಲ್ಲವನ್ನೂ ಸೇರಿಸಿ ಯೋಕಾಯ್ ಅನ್ನುತ್ತಾರೆ. ಮಿಜುಕಿ ಬದುಕಿಡೀ ಬಿಡಿಸಿದ್ದು ಇವುಗಳನ್ನೇ.

ಇಂಥ ಪಾತ್ರಗಳನ್ನು ಕಂಡ ಕೂಡಲೇ ಜನ "ಎಂಥಾ ಕಲ್ಪನೆ!" ಅಂತಾರೆ. ಮಿಜುಕಿ ವಿಷಯದಲ್ಲಿ ಆ ಮಾತು ನನಗೆ ಒಪ್ಪಿಗೆಯಿಲ್ಲ. ಇಲ್ಲದ್ದನ್ನು ಹುಟ್ಟಿಸುವ ಜಾತಿಯವರಲ್ಲ ಅವರು. ಕೇಳಿದ್ದನ್ನು, ಓದಿದ್ದನ್ನು, ಕಂಡದ್ದನ್ನು ಕೂಡಿಡುತ್ತಿದ್ದವರು. ಸಕಾಯಿಮಿನಾತೊ ಎಂಬ ಬಂದರು ಊರಿನಲ್ಲಿ ಬೆಳೆಯುವಾಗ ನೊನ್‌ನೊನ್‌ಬಾ ಎಂದು ಕರೆಯುತ್ತಿದ್ದ ಒಬ್ಬ ಮುದುಕಿ ಅವರಿಗೆ ದೆವ್ವದ ಕತೆಗಳ ಗಂಟನ್ನೇ ಬಿಚ್ಚಿದ್ದರು. ಮಾಡಿನ ಹಲಗೆಯಲ್ಲಿ ಕಲೆ ಕಂಡರೆ, ರಾತ್ರಿ ಒಂದು ಯೋಕಾಯ್ ಬಂದು ನೆಕ್ಕಿ ಹೋದ ಗುರುತು ಅದು ಅನ್ನುವಂಥ ಮುದುಕಿ. ಆಕೆಯ ಬಗ್ಗೆ ಮಿಜುಕಿ ಬರೆದ ಪುಸ್ತಕಕ್ಕೆ 2007ರಲ್ಲಿ ಫ್ರಾನ್ಸಿನ ಅಂಗೊಲೆಮ್ ಕಾಮಿಕ್ಸ್ ಉತ್ಸವದ ದೊಡ್ಡ ಪ್ರಶಸ್ತಿ ಬಂತು. ಕತೆ ಹೇಳುವ ಅಜ್ಜಿಯರ ಪಾಲಿಗೆ ಪ್ರಶಸ್ತಿ ಹೀಗೆ ಸುತ್ತುಬಳಸಿಯೇ ಬರಬೇಕು ಅಂತ ಕಾಣುತ್ತದೆ.

ನುರಿಕಾಬೆಗೆ ಬರ್ತೇನೆ. ಜಾನಪದ ವಿದ್ವಾಂಸ ಯಾನಗಿತಾ ಕುನಿಯೊ ಅದರ ಬಗ್ಗೆ ದಾಖಲಿಸಿದ್ದು ಕೆಲವೇ ಸಾಲು. ಕ್ಯೂಶು ದ್ವೀಪದ ಕಡಲ ಬದಿಯಲ್ಲಿ ರಾತ್ರಿ ನಡೆದು ಹೋಗುವಾಗ ಇದ್ದಕ್ಕಿದ್ದಂತೆ ಎದುರಿಗೆ ಗೋಡೆ ಬಂದ ಹಾಗಾಗಿ ಮುಂದೆ ಕಾಲಿಡಲಿಕ್ಕೇ ಆಗುವುದಿಲ್ಲವಂತೆ. ಕೋಲಿನಿಂದ ಮೇಲೆ ಬಡಿದರೆ ಏನೂ ಆಗದು. ಬುಡಕ್ಕೆ ಬಡಿದರೆ ಮಾಯ. ಇಷ್ಟೇ. ಮೂತಿ ಹೇಗೆ, ಮೈ ಹೇಗೆ ಅಂತ ಒಂದಕ್ಷರ ಇಲ್ಲ.

ಈಗ ಎರಡನೇ ಮಹಾಯುದ್ಧದ ಕತೆ. 1943ರಲ್ಲಿ, ಇಪ್ಪತ್ತೊಂದರ ಹುಡುಗ ಮಿಜುಕಿಯನ್ನು ಸೈನ್ಯ ನ್ಯೂ ಗಿನಿ ಪಕ್ಕದ ನ್ಯೂ ಬ್ರಿಟನ್ ದ್ವೀಪದ ರಬಾವುಲ್‌ಗೆ ಕಳಿಸಿತು. ಒಂದು ಮುಂಜಾವ ಕಾವಲಿಗೆ ನಿಂತವರು ದುರ್ಬೀನಿನಲ್ಲಿ ಗಿಳಿ ನೋಡುತ್ತಾ ಮೈಮರೆತರು. ಹೊತ್ತಾಗಿದೆ ಅಂತ ನೆನಪಾಗುವಷ್ಟರಲ್ಲಿ ಗುಂಡಿನ ಸುರಿಮಳೆ. ಉಳಿದವರೆಲ್ಲ ಸತ್ತರು. ಇವರು ಸಮುದ್ರಕ್ಕೆ ಬಿದ್ದು, ಕಾಡು ಹೊಕ್ಕು, ಬಟ್ಟೆಯೂ ಬಂದೂಕೂ ಇಲ್ಲದೆ ಓಡಿದರು. ಕತ್ತಲ ಕಾಡಿನಲ್ಲಿ ಒಂದು ಕಡೆ ಡಾಂಬರಿನಂಥ ಕಪ್ಪು ಗೋಡೆ ಅಡ್ಡ ಬಂತಂತೆ. ತಳ್ಳಿದರೂ ಹೋಗದು, ಬದಿಯಲ್ಲೂ ದಾರಿಯಿಲ್ಲ. ಸೋತು ಅಲ್ಲೇ ಕೂತರು. ಸ್ವಲ್ಪ ಹೊತ್ತಿನಲ್ಲಿ ಗೋಡೆ ಇಲ್ಲ. ನಾನು ಕಂಡದ್ದು ನುರಿಕಾಬೆಯನ್ನೇ ಅಂತ ಮುಂದೆ ಹೇಳಿಕೊಳ್ಳುತ್ತಿದ್ದರು.

ಹಸಿವು, ಭಯ, ಸುಸ್ತು, ಕಣ್ಣಿಗೆ ಏನು ಬೇಕಾದರೂ ಕಂಡೀತು ಅನ್ನಬಹುದು. ಅನ್ನಿ. ಆದರೆ ಮುಂದಿನದು ಕೇಳಿ. ಹೇಗೋ ಜೀವ ಉಳಿಸಿಕೊಂಡು ತುಕಡಿಗೆ ಮರಳಿದರೆ ಮೇಲಧಿಕಾರಿ ಕೇಳಿದ್ದು, ಎಲ್ಲರೂ ಸತ್ತಿರುವಾಗ ನೀನೊಬ್ಬ ಯಾಕೆ ಬದುಕಿ ಬಂದೆ ಅಂತ! ಆಮೇಲೆ ಮಲೇರಿಯಾ ಹಿಡಿದು ಮಲಗಿದ್ದಾಗ ಬಿದ್ದ ಬಾಂಬಿಗೆ ಎಡಗೈ ಹೋಯಿತು.

ಲೆಕ್ಕ ಹಾಕಿ ನೋಡಿ ಮಾರಾಯ್ರೆ. ಪಿಶಾಚಿ ಮಾಡಿದ್ದೇನು? ಎರಡು ನಿಮಿಷ ದಾರಿ ಕಟ್ಟಿ ಕೂರಿಸಿತು. ಮನುಷ್ಯ ಕೇಳಿದ್ದೇನು? ಯಾಕೆ ಸಾಯಲಿಲ್ಲ ಅಂತ. ಆ ಗೋಡೆಗೆ ಮಿಜುಕಿ ತೂಕಡಿಸುವ ಪಾಪದ ಕಣ್ಣು ಬಿಡಿಸಿದ್ದು ಇದಕ್ಕೇ ಅಂತ ನನ್ನ ಗುಮಾನಿ. ಅವರ ಮಂಗಾದಲ್ಲಿ ಹೆದರಿಕೆ ಹುಟ್ಟಿಸುವ ಮುಖಗಳು ಯೋಕಾಯ್‌ಗಳದ್ದಲ್ಲ. ಕನ್ನಡಕ ಹಾಕಿದ, ಹಲ್ಲು ಮುಂದೆ ಬಂದ, ಆಫೀಸಿಗೆ ಹೋಗಿಬರುವ ಒಬ್ಬ ಮನುಷ್ಯ ಪುಟಪುಟದಲ್ಲೂ ಬರುತ್ತಾನೆ. ನನಗೆ ಮೈ ಜುಂ ಅನ್ನುವುದು ಅವನನ್ನು ಕಂಡಾಗ.

ಇವತ್ತು ಜಪಾನಿನಲ್ಲಿ ನುರಿಕಾಬೆ ಅಂದರೆ ಈ ಗೋಡೆಯೇ. 2007ರಲ್ಲಿ ಒಂದು ಹಳೇ ಸುರುಳಿಚಿತ್ರದಲ್ಲಿ ಅದೇ ಹೆಸರಿನ ಮೂರು ಕಣ್ಣಿನ ಪ್ರಾಣಿಯೊಂದು ಸಿಕ್ಕಿತು. ಯಾರು ಕೇಳ್ತಾರೆ ಅದನ್ನು! ಹಾರುವ ಬಿಳಿ ಬಟ್ಟೆ ಇತ್ತನ್-ಮೊಮೆನ್, ಮಗುವಿನಂತೆ ಅಳುವ ಮುದುಕ ಕೊನಾಕಿ-ಜಿಜಿ, ಮರಳು ಎರಚುವ ಮುದುಕಿ ಸುನಕಾಕೆ-ಬಾಬಾ, ಇವರೆಲ್ಲ ಯಾನಗಿತಾ ಪುಸ್ತಕದಲ್ಲಿ ಒಂದೆರಡು ಸಾಲಿನಲ್ಲಿ ಮುದುಡಿಕೊಂಡಿದ್ದವರು. ಮುಖ ಕೊಟ್ಟವರು ಮಿಜುಕಿ.

ಕೈಚಳಕದ ಒಂದು ಗುಟ್ಟಿದೆ. ಅವರ ಪುಟದಲ್ಲಿ ಮರ, ಮಳೆ, ಹಳೇ ಮನೆಯ ಮಾಡು ಎಲ್ಲ ಚುಕ್ಕಿ ಚುಕ್ಕಿ ಇಟ್ಟು, ಫೋಟೊ ಹೊಡೆದ ಹಾಗೆ ಬಿಡಿಸಿರುತ್ತದೆ. ಆ ಕಾಡಿನಲ್ಲಿ ನಡೆಯುವ ಪಾತ್ರ ಮಾತ್ರ ಮಗು ಗೀಚಿದಂತೆ ನಾಲ್ಕು ಗೆರೆ. ಚುಕ್ಕಿ ಇಟ್ಟು ಇಟ್ಟು ಸಹಾಯಕರ ಬೆರಳು ಸವೆದಿರಬೇಕು. ಯೋಶಿಹಾರು ತ್ಸುಗೆಯಂಥ ದೊಡ್ಡ ಕಲಾವಿದರೂ ಅಲ್ಲಿ ಸಹಾಯಕರಾಗಿ ದುಡಿದಿದ್ದಾರೆ. ಇದರಿಂದ ಆಗುವುದೇನು? ಲೋಕವನ್ನು ನಂಬುತ್ತೇವೆ, ಆಮೇಲೆ ಅದರೊಳಗೆ ಓಡಾಡುವ ಗೋಡೆಯನ್ನೂ ನಂಬುತ್ತೇವೆ. ಪಾತ್ರ ವಿಚಿತ್ರ ಆಗಬೇಕಾದರೆ ಅದರ ಹಿಂದಿನ ಮರ ಮರದ ಹಾಗೇ ಇರಬೇಕು. ಈಗಿನ ಎಷ್ಟೋ ಮಂಗಾಗಳಲ್ಲಿ ಹಿನ್ನೆಲೆಯೂ ಕುಣಿಯುತ್ತದೆ, ಪಾತ್ರವೂ ಕುಣಿಯುತ್ತದೆ. ನನಗೆ ತಲೆಸುತ್ತು ಬರುತ್ತದೆ. ವಯಸ್ಸಾಯಿತೋ ಏನೋ.

ಅವರ ಮಂಗಾದ ನಾಯಕ ಕಿತಾರೊ ಕೂಡ ಮಿಜುಕಿ ಹುಟ್ಟಿಸಿದವನಲ್ಲ ಅಂದರೆ ಕೆಲವರಿಗೆ ಬೇಜಾರಾಗಬಹುದು. ಸೈಕಲ್ ಮೇಲೆ ಚಿತ್ರಪೆಟ್ಟಿಗೆ ಇಟ್ಟುಕೊಂಡು ಬೀದಿ ಮಕ್ಕಳಿಗೆ ಕತೆ ಹೇಳಿ ಮಿಠಾಯಿ ಮಾರುವ ಕಾಮಿಶಿಬಾಯ್ ಎಂಬ ಆಟವಿತ್ತು. ಯುದ್ಧಕ್ಕೂ ಮೊದಲೇ ಅದರಲ್ಲಿ ಮಸಣದ ಕಿತಾರೊ ಇದ್ದ. 1950ರ ದಶಕದಲ್ಲಿ ಹೊಟ್ಟೆಪಾಡಿಗೆ ಆ ಚಿತ್ರ ಬಿಡಿಸುತ್ತಿದ್ದ ಮಿಜುಕಿ, 1960ರಲ್ಲಿ ಬಾಡಿಗೆ ಪುಸ್ತಕಗಳ ಮಂಗಾಕ್ಕೆ ಅವನನ್ನು ತಂದರು. ಆ ಕಿತಾರೊ ಸತ್ತ ತಾಯಿಯ ಗೋರಿಯೊಳಗಿಂದ ತೆವಳಿ ಬಂದ ಒಂಟಿಕಣ್ಣಿನ, ಸಿಗರೇಟು ಸೇದುವ ಪೋರ. ಮಸಣ ಎಂಬ ಹೆಸರು ಟಿವಿಗೆ ಆಗಿಬರದೆ 'ಗೆಗೆಗೆ' ಆಯಿತು. 1968ರಲ್ಲಿ ಟಿವಿಗೆ ಬರುವ ಹೊತ್ತಿಗೆ ಮಕ್ಕಳನ್ನು ಕಾಯುವ ಒಳ್ಳೆಯ ಹುಡುಗನಾಗಿಬಿಟ್ಟಿದ್ದ. ಮಿಜುಕಿಯ ಸಂಸಾರ ದಡ ಸೇರಿತು, ಅದಕ್ಕೆ ನನಗೆ ಸಂತೋಷವೇ. ಆದರೆ ಓದುವಾಗ ನನಗೆ ಆ ಪೋಲಿ ಕಿತಾರೊನೇ ಬೇಕು.

ಪೋಲಿತನ ಎಲ್ಲಿ ಹೋಯಿತು ಅಂತೀರಿ? ಪೂರ್ತಿ ನೆಜುಮಿ-ಒತೊಕೊಗೆ ಬಂತು. ಇಲಿ ಮನುಷ್ಯ. ಅರ್ಧ ಯೋಕಾಯ್, ಅರ್ಧ ಮನುಷ್ಯ. ಮೈತುಂಬಾ ಕಜ್ಜಿ, ಬಾಯಿ ತೆರೆದರೆ ನಾತ, ಹೂಸೇ ಅವನ ಆಯುಧ. ನಾಲ್ಕು ಕಾಸಿಗೆ ಕಿತಾರೊನನ್ನು ಮಾರಿ, ಸೋತ ಮೇಲೆ ನಾಚಿಕೆಯಿಲ್ಲದೆ ಅವನ ಪಕ್ಕದಲ್ಲೇ ಬಂದು ಕೂರುತ್ತಾನೆ. ಮಿಜುಕಿಗೆ ಅಚ್ಚುಮೆಚ್ಚು ಇವನೇ, ಅದನ್ನವರು ಮುಚ್ಚಿಟ್ಟಿರಲೂ ಇಲ್ಲ. ಅಲ್ವೇ ಮತ್ತೆ? 1961ರಲ್ಲಿ ಹೆಣ್ಣು ನೋಡಿದ ಐದೇ ದಿನಕ್ಕೆ ಮದುವೆಯಾಗಿ, ಕಪ್ಪಾದ ಬಾಳೆಹಣ್ಣನ್ನು ಅಗ್ಗಕ್ಕೆ ಕೊಂಡು ಹೊಟ್ಟೆ ತುಂಬಿಸಿಕೊಂಡ ಮನುಷ್ಯನಿಗೆ ಹಸಿದವನ ಆಸೆಬುರುಕತನ ಪಾಪವಾಗಿ ಕಂಡೀತೇ? ವೀರನಾಗಿ ಸಾಯಿ ಅಂತ ಕೇಳಿಸಿಕೊಂಡು ಸಾಯದೆ ಬಂದವರು ಅವರು. ಹೇಗಾದರೂ ಬದುಕಿಕೊಳ್ಳುವವನ ಮೇಲೆ ಅವರ ಪೆನ್ನು ಕೈ ಮಾಡುವುದಿಲ್ಲ.

ಇನ್ನೊಬ್ಬರನ್ನು ಹೇಳದಿದ್ದರೆ ತಪ್ಪಾಗುತ್ತದೆ: ಕಿತಾರೊನ ಅಪ್ಪ. ಕಾಯಿಲೆಯಲ್ಲಿ ಮೈ ಕೊಳೆತುಹೋದ ಮೇಲೆ ಮಗನ ಮೇಲಿನ ಆಸೆಗೆ ಒಂದು ಕಣ್ಣುಗುಡ್ಡೆಯಾಗಿ ಉಳಿದವರು. ಬೇರೆ ಯಾರೇ ಬರೆದಿದ್ದರೂ ಕಣ್ಣೀರು ಹರಿಸುತ್ತಿದ್ದರು. ಮಿಜುಕಿಯ ಕೈಯಲ್ಲಿ ಆ ಕಣ್ಣುಗುಡ್ಡೆ ಚಹಾ ಬಟ್ಟಲಲ್ಲಿ ಬಿಸಿನೀರು ಹಾಕಿಸಿಕೊಂಡು ಹಾಯಾಗಿ ಸ್ನಾನ ಮಾಡುತ್ತದೆ. ಹೋದ ಮೈಗೆ ಗೋಳಾಟವಿಲ್ಲ. ಎಡ ತೋಳಿಲ್ಲದ ಮನುಷ್ಯ ಬಿಡಿಸಿದ್ದು ಅಂತ ನೆನಪಿಟ್ಟುಕೊಂಡು ಆ ಪುಟ ನೋಡಿ.

ಇಷ್ಟೂ ಅಳಿಯನಿಗೆ ಬಾಯಲ್ಲೇ ಹೇಳಿದ್ದೆ. ಯುದ್ಧ, ಯಾನಗಿತಾ, ಚುಕ್ಕಿ ಯಾವುದೂ ಅವನ ತಲೆಗೆ ಹೋಗಲಿಲ್ಲ. ಇಲಿ ಮನುಷ್ಯ 300 ವರ್ಷಕ್ಕೂ ಹೆಚ್ಚು ಕಾಲದಿಂದ ಸ್ನಾನ ಮಾಡಿಲ್ಲ ಅಂದ ತಕ್ಷಣ ಕಣ್ಣರಳಿಸಿ ಒಳಗೋಡಿದ. "ಅಮ್ಮಾ, ಕೇಳಿಲ್ಲಿ!" ಅಂತ ಕೂಗಿದ್ದು ಕೇಳಿಸಿತು. ಅಕ್ಕ ಈಗ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ.